ಏವಾ ಝೈಸೆಲ್ ಯಾರ ಅಡಿಟಿಪ್ಪಣಿಯೂ ಅಲ್ಲ



ಕಳೆದ ವಾರ ಮನೆಗೆ ಬಂದಿದ್ದ ಹಳೆಯ ವಿದ್ಯಾರ್ಥಿಯೊಬ್ಬರು ನನ್ನ ಮೇಜಿನ ಮೇಲೆ ಏವಾ ಝೈಸೆಲ್ ಎಂಬ ಪಿಂಗಾಣಿ ವಿನ್ಯಾಸಕಿಯ ಹೆಸರು ಕಂಡು, "ಗೊತ್ತು ಸರ್, ಆರ್ಥರ್ ಕೋಸ್ಲರ್ ತನ್ನ ಕಾದಂಬರಿಗೆ ಬಳಸಿಕೊಂಡದ್ದು ಈಕೆಯ ಸೆರೆಮನೆಯ ಅನುಭವವನ್ನೇ ಅಲ್ಲವೇ?" ಎಂದರು. ಅವರ ಓದಿಗೆ ಮೆಚ್ಚುಗೆಯಾಯಿತು. ಮಾತಿಗೆ ಸಿಟ್ಟು ಬಂತು. 105 ವರ್ಷ ಬಾಳಿ, 80 ವರ್ಷಗಳಿಗೂ ಮಿಗಿಲಾಗಿ ಮಣ್ಣಿನೊಡನೆ ದುಡಿದ ಹೆಣ್ಣುಮಗಳನ್ನು ಮತ್ತೊಬ್ಬರ ಪುಸ್ತಕದ ಅಡಿಟಿಪ್ಪಣಿಯಾಗಿ ನೆನೆಯುವುದು ಯಾವ ನ್ಯಾಯ?

ಸೆರೆವಾಸ ನಿಜ. 1932ರಲ್ಲಿ ಸೋವಿಯತ್ ದೇಶಕ್ಕೆ ಹೋದ ಆಕೆ, ರಷ್ಯಾ ಗಣರಾಜ್ಯದ ಪಿಂಗಾಣಿ ಹಾಗೂ ಗಾಜಿನ ಉದ್ಯಮದ ಕಲಾ ನಿರ್ದೇಶಕಿಯಾಗಿದ್ದರು. 1936ರಲ್ಲಿ ಸ್ಟಾಲಿನ್ ಹತ್ಯೆಗೆ ಸಂಚು ಹೂಡಿದರೆಂಬ ಸುಳ್ಳು ಆರೋಪ ಹೊರಿಸಿ ಬಂಧಿಸಿದರು. 16 ತಿಂಗಳು, ಬಹುಪಾಲು ಒಂಟಿ ಕೋಣೆಯಲ್ಲಿ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂಬ ನಮ್ಮ ಗಾದೆ ಇಷ್ಟು ಕ್ರೂರವಾಗಿ ಅನ್ವಯಿಸಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ. ಆದರೆ ನಾವು ದೊಣ್ಣೆಯನ್ನಷ್ಟೇ ನೆನಪಿಟ್ಟುಕೊಂಡು ಕುಂಬಾರಳ ವರುಷಗಳನ್ನು ಮರೆಯುತ್ತಿದ್ದೇವೆ.

1906ರಲ್ಲಿ ಬುಡಾಪೆಸ್ಟಿನಲ್ಲಿ ಹುಟ್ಟಿದ ಈಕೆ ಚಿತ್ರಕಲೆಯ ಅಕಾಡೆಮಿಯನ್ನು ಬಿಟ್ಟು ಸಾಂಪ್ರದಾಯಿಕ ಕುಂಬಾರನೊಬ್ಬನ ಬಳಿ ಕೆಲಸಕ್ಕೆ ಸೇರಿದರು. ಹೊಗೆಗೂಡು ಗುಡಿಸುವವರು, ಒಲೆ ಕಟ್ಟುವವರು, ಹೆಂಚು ಹೊದಿಸುವವರು, ಬಾವಿ ತೋಡುವವರು, ಕುಂಬಾರರು ಎಲ್ಲರೂ ಕೂಡಿದ್ದ ಆ ಹಳೆಯ ಸಂಘದಲ್ಲಿ ಅರ್ಹತೆ ಪಡೆದ ಮೊದಲ ಹೆಂಗಸು ಆಕೆ. (ಕೋಸ್ಲರ್ ಬಾಲ್ಯದಲ್ಲಿ ಹೋಗುತ್ತಿದ್ದ ಶಿಶುವಿಹಾರವನ್ನು ನಡೆಸುತ್ತಿದ್ದವರು ಏವಾರ ತಾಯಿ. ಮೇಷ್ಟ್ರಾದ ನನಗೆ ಈ ಸಂಗತಿ ಕಾದಂಬರಿಗಿಂತ ರುಚಿಸಿತು!)

"ಆಕೆ ಚಿತ್ರ ಬರೆದರು, ಪಾತ್ರೆ ಮಾಡಿದ್ದು ಕಾರ್ಖಾನೆ" ಎಂಬ ಇನ್ನೊಂದು ತಾತ್ಸಾರವೂ ಉಂಟು. ಪಿಂಗಾಣಿಯ ಮಣ್ಣು ಒಣಗಿ ಬೇಯುವಷ್ಟರಲ್ಲಿ ಹತ್ತರಲ್ಲೊಂದು ಪಾಲಿಗಿಂತಲೂ ಹೆಚ್ಚು ಕುಗ್ಗುತ್ತದೆ. ಅಚ್ಚನ್ನು ಅಷ್ಟು ದೊಡ್ಡದಾಗಿ ಮಾಡಬೇಕು. ಮುಚ್ಚಳ ಹೂಜಿಗೆ ಕೂರಬೇಕು. ತೆಳುವಾದ ಬಾಯಿ ಗೂಡಿನಲ್ಲಿ ಸೊಟ್ಟಗಾಗಬಾರದು. ಸಾವಿರನೆಯ ಬಟ್ಟಲೂ ಮೊದಲನೆಯದರಂತೆಯೇ ಇರಬೇಕು. ಬೆರಳಿಗೆ ಮಣ್ಣು ತಿಳಿಯದವರು ಇದನ್ನು ಕಾಗದದ ಮೇಲೆ ಸಾಧಿಸಿಯಾರೇ?

1938ರಲ್ಲಿ ಹಿಟ್ಲರನ ಸೇನೆ ವಿಯೆನ್ನಾ ಹೊಕ್ಕಾಗ ಮತ್ತೊಮ್ಮೆ ಓಡಬೇಕಾಯಿತು. ಅದೇ ವರ್ಷ ಅಮೆರಿಕ ಸೇರಿದರು. 1946ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯ ಅವರ ಬಿಳಿಯ ಊಟದ ಪಾತ್ರೆಗಳನ್ನೇ ಪ್ರದರ್ಶಿಸಿತು. ಆದರೆ ನನಗೆ ಅಚ್ಚುಮೆಚ್ಚು, ಮಿನ್ನೆಸೋಟದ ರೆಡ್ ವಿಂಗ್ ಕಾರ್ಖಾನೆಗಾಗಿ ಮಾಡಿದ ಉಪ್ಪು-ಮೆಣಸಿನ ಕುಡಿಕೆಗಳು. ದೊಡ್ಡದು ಬಾಗಿ, ಚಿಕ್ಕದನ್ನು ತಾಯಿ ಮಗುವನ್ನು ತಬ್ಬಿದಂತೆ ತಬ್ಬಿಕೊಂಡಿದೆ. ಎರಡು ವರ್ಷದ ಹಿಂದಷ್ಟೇ ಮಹಾಯುದ್ಧ ಕಂಡ ಜಗತ್ತಿನ ಊಟದ ಮೇಜಿಗೆ, ಸೆರೆಮನೆಯನ್ನೂ ವಲಸೆಯನ್ನೂ ಉಂಡ ಕೈಗಳು ಕೊಟ್ಟದ್ದು ಇದನ್ನು.

ತೊಂಬತ್ತು ದಾಟಿದ ಮೇಲೆ ಅವರು ರಷ್ಯಾಕ್ಕೆ ಮರಳಿ, ಒಂದು ಕಾಲಕ್ಕೆ ತಾವು ದುಡಿದಿದ್ದ ಸೇಂಟ್ ಪೀಟರ್ಸ್‌ಬರ್ಗಿನ ಕಾರ್ಖಾನೆಗೇ ಚಹಾದ ಪಾತ್ರೆಗಳನ್ನು ವಿನ್ಯಾಸ ಮಾಡಿಕೊಟ್ಟರು. 2011ರ ಡಿಸೆಂಬರಿನಲ್ಲಿ ತೀರಿಕೊಂಡರು.

ಆ ಶಿಷ್ಯರು ಮತ್ತೆ ಬರುವುದಾಗಿ ಹೇಳಿದ್ದಾರೆ. ಬಂದಾಗ ಮೊದಲು ಆ ಕುಡಿಕೆಗಳ ಚಿತ್ರ ತೋರಿಸುತ್ತೇನೆ. ಕೋಸ್ಲರ್ ಕಾಫಿಯ ನಂತರ ಬರಲಿ.