ಮೂಕಪ್ರಾಣಿಯನ್ನು ಹೊತ್ತು ತಂದವನ ಮಾತು

ಮನುಷ್ಯರ ಆಸ್ಪತ್ರೆಯಲ್ಲಿ ರೋಗಿಯು ತನ್ನ ನೋವನ್ನು ತಾನೇ ಹೇಳಿಕೊಳ್ಳಬಲ್ಲನು. ವೈದ್ಯನು ಉದಾಸೀನನಾಗಿ ಕಂಡರೆ ಗೊಣಗಬಲ್ಲನು. ಔಷಧ ಹಿಡಿಸಲಿಲ್ಲವೆಂದರೆ ಇನ್ನೊಂದು ಬಾಗಿಲಿಗೆ ಹೋಗಬಲ್ಲನು. ಪಶುವೈದ್ಯಶಾಲೆಯ ರೋಗಿಗೆ ಈ ಅನುಕೂಲಗಳು ಒಂದೂ ಇಲ್ಲ. ಆದುದರಿಂದ ಪ್ರಾಣಿಗಳಿಗೆ ಚಿಕಿತ್ಸೆಯನ್ನೋ ಆಶ್ರಯವನ್ನೋ ಕೊಡುವ ಸಂಸ್ಥೆಯು ಸರ್ಕಾರದ್ದೇ ಆಗಲಿ, ಧರ್ಮಾರ್ಥವಾಗಿ ನಡೆಯುವುದೇ ಆಗಲಿ, ಅಲ್ಪ ಶುಲ್ಕದ ಖಾಸಗಿ ಚಿಕಿತ್ಸಾಲಯವೇ ಆಗಲಿ, ಅದು ತನ್ನ ಕರ್ತವ್ಯವನ್ನು ನೆಟ್ಟಗೆ ನೆರವೇರಿಸುತ್ತಿದೆಯೇ ಎಂಬುದಕ್ಕೆ ಪ್ರಾಣಿಯನ್ನು ಹೊತ್ತು ತಂದವನೊಬ್ಬನೇ ಸಾಕ್ಷಿ. ಆ ಸಾಕ್ಷಿಯನ್ನು ಕೇಳುವ, ಅವನು ಹೇಳಿದ್ದನ್ನು ಬರೆದಿಡುವ, ಅದರಿಂದ ತನ್ನನ್ನು ತಿದ್ದಿಕೊಳ್ಳುವ ಪದ್ಧತಿ ನಮ್ಮ ಕಡೆ ಇನ್ನೂ ಬೆಳೆದಿಲ್ಲ. ಬೆಳೆಯಬೇಕೆಂಬುದು ನನ್ನ ವಾದ.

ನಮ್ಮ ದೊಡ್ಡೇರಿ ಹೋಬಳಿಯು ಮಧುಗಿರಿ ತಾಲ್ಲೂಕಿಗೆ ಸೇರಿದ್ದು. ಸುತ್ತಲೂ ಶಿರಾ, ಕೊರಟಗೆರೆ, ಪಾವಗಡಗಳ ಒಣಸೀಮೆ. ಮಳೆಯನ್ನು ನಂಬಿ ರಾಗಿ ಕಡಲೆಕಾಯಿಗಳನ್ನು ಬಿತ್ತುವ ಈ ನಾಲ್ಕು ತಾಲ್ಲೂಕುಗಳಲ್ಲಿ, ಬೆಳೆ ಕೈಕೊಟ್ಟ ವರ್ಷ ಸಂಸಾರವನ್ನು ದಡ ಮುಟ್ಟಿಸುವುವು ಹಟ್ಟಿಯ ಕುರಿಮೇಕೆಗಳು ಮತ್ತು ಡೈರಿಗೆ ಹಾಲು ಕೊಡುವ ಸೀಮೆಹಸು. ಹೀಗಿರುವಲ್ಲಿ, ಜನರು ದನದ ಆಸ್ಪತ್ರೆಯೆಂದು ಕರೆಯುವ ಸರ್ಕಾರಿ ಪಶುಚಿಕಿತ್ಸಾಲಯವು ಅಂಚೆಮನೆಗಾಗಲಿ ರೇಷನ್ ಅಂಗಡಿಗಾಗಲಿ ಪ್ರಾಧಾನ್ಯದಲ್ಲಿ ಕಡಮೆಯಾದುದಲ್ಲ. ಹೊತ್ತೇರುವ ಮುನ್ನವೇ ಅದರ ಅಂಗಳದ ಕಬ್ಬಿಣದ ಚೌಕಟ್ಟಿನೊಳಗೆ ಹಸುವೊಂದು ನಿಂತಿರುತ್ತದೆ. ಹೊಟ್ಟೆಯುಬ್ಬರ ಬಂದ ಕುರಿಯನ್ನು ಹೆಗಲಮೇಲೆ ಹಾಕಿಕೊಂಡು ಬಂದ ಕುರಿಗಾಹಿ ಜಗಲಿಯ ತುದಿಯಲ್ಲಿ ಕಂಬಳಿ ಹಾಸಿ ಕುಳಿತಿರುತ್ತಾನೆ. ‘ಡಾಕ್ಟ್ರು ಲಸಿಕೆ ಹಾಕಕ್ಕೆ ಹಳ್ಳಿ ಕಡೆ ಹೋಗವ್ರೆ, ಬರ್ತಾರೆ ಕೂತ್ಕೊ’ ಎಂದರೆ ಅವನು ಕಾಯುತ್ತಾನೆ. ತಡವಾದರೆ ದನಿಯೆತ್ತಿ ಕೇಳುವುದೂ ಉಂಟು. ಆ ಅಂಗಳದಲ್ಲಿ ತನಗೊಂದು ಹಕ್ಕಿದೆಯೆಂಬುದು ಅವನಿಗೆ ಗೊತ್ತು; ಸಿಬ್ಬಂದಿಗೂ ಗೊತ್ತು.

ಅದೇ ಅಂಗಳಕ್ಕೆ ತನ್ನದಲ್ಲದ ಪ್ರಾಣಿಯನ್ನು ಹೊತ್ತುಕೊಂಡು ಬರುವವರೂ ಇದ್ದಾರೆ. ಬೀದಿನಾಯಿಯೊಂದನ್ನು ಯೂರಿಯಾ ಚೀಲದಲ್ಲಿ ಸುತ್ತಿ, ಸೈಕಲ್ಲಿನ ಕ್ಯಾರಿಯರಿನಮೇಲೆ ಕಟ್ಟಿ ತಂದ ಹೈಸ್ಕೂಲು ಹುಡುಗನೊಬ್ಬನನ್ನು ನಾನು ಕಂಡೆನು. ನಾಯಿಯ ಕಿವಿಯ ಹಿಂದೆ ಗಾಯವಾಗಿ ಹುಳು ಬಿದ್ದಿತ್ತು. ಯಾರೋ ಪುಣ್ಯಾತ್ಮರು ಉಪಕಾರಬುದ್ಧಿಯಿಂದಲೇ ಫಿನಾಯಿಲ್ ಸುರಿದಿದ್ದರಂತೆ. ಚರ್ಮವು ಬೆಂದು, ಹುಳುಗಳು ಸಾಯದೆ ಇನ್ನಷ್ಟು ಒಳಕ್ಕೆ ಸರಿದಿದ್ದುವು. ವೈದ್ಯರು ಬಾಯಿಗೆ ಬ್ಯಾಂಡೇಜಿನ ಪಟ್ಟಿ ಬಿಗಿದು, ಟರ್ಪೆಂಟೈನಿನಲ್ಲಿ ಅದ್ದಿದ ಹತ್ತಿಯನ್ನು ಗಾಯದ ಬಾಯಿಗೆ ಒತ್ತಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಉಸಿರುಕಟ್ಟಿದ ಹುಳುಗಳು ತಲೆಯೆತ್ತಿದಂತೆಲ್ಲ ಚಿಮಟದಿಂದ ಒಂದೊಂದನ್ನೇ ಹಿಡಿದು ತೆಗೆದರು. ಆಮೇಲೆ ಮುಲಾಮು ತುಂಬಿ, ‘ನಾಳಿದ್ದು ಮತ್ತೆ ತಗೊಂಡ್ಬಾ, ಅಲ್ಲೀವರೆಗೂ ನೊಣ ಕೂರದಂಗೆ ನೋಡ್ಕೊ, ಮನೇಲಿ ಮತ್ತೇನೂ ಹಚ್ಬೇಡ’ ಎಂದರು. ಇಷ್ಟು ಆದಮೇಲೆ ದಾಖಲೆಯ ಪುಸ್ತಕವು ಹುಡುಗನ ಮುಂದೆ ಬಂದಿತು. ಅದರಲ್ಲಿ ಮಾಲೀಕರ ಹೆಸರಿಗೆ ಒಂದು ಅಂಕಣ. ಹುಡುಗನು ಪೆನ್ನು ಹಿಡಿದು ಒಮ್ಮೆ ವೈದ್ಯರ ಮುಖವನ್ನೂ ಒಮ್ಮೆ ನಾಯಿಯನ್ನೂ ನೋಡಿ, ಕಡೆಗೆ ತನ್ನ ಹೆಸರನ್ನೇ ಇನಿಷಿಯಲ್ ಸಹಿತ ಬರೆದನು.

ಆ ದಿನ ಅಲ್ಲಿದ್ದವರು ಸಹೃದಯರಾದ ವೈದ್ಯರು. ಎಲ್ಲ ಬಾಗಿಲಲ್ಲೂ ಹಾಗೆ ನಡೆಯುವುದಿಲ್ಲ. ‘ಯಾರ ನಾಯಿ ಇದು?’ ಎಂಬ ಪ್ರಶ್ನೆ ಮೊದಲು ಬರುತ್ತದೆ. ಯಾರದೂ ಅಲ್ಲವೆಂದರೆ ‘ಹಾಗಾದರೆ ಪುರಸಭೆಗೆ ಹೇಳಿ’ ಎಂಬ ಉತ್ತರ. ಅಲ್ಲಿಗೆ ಹೋದರೆ ‘ಪಶು ಆಸ್ಪತ್ರೆಗೆ ತೋರಿಸಿ’ ಎಂಬ ಉಪದೇಶ. ಈ ಎರಡು ಬಾಗಿಲುಗಳ ನಡುವೆ ಅಲೆದವನು ಮುಂದಿನ ಸಲ ರಸ್ತೆಯಲ್ಲಿ ಬಿದ್ದ ಪ್ರಾಣಿಯನ್ನು ಕಂಡರೆ ಗಾಡಿಯನ್ನು ನಿಲ್ಲಿಸುವನೆಂದು ಹೇಗೆ ನಂಬೋಣ? ಶಿರಾದ ಹೆದ್ದಾರಿಯ ಅಂಚಿನಲ್ಲಿ ಲಾರಿಗಳಿಗೆ ಸಿಕ್ಕಿ ಬಿದ್ದಿರುವ ನಾಯಿಗಳನ್ನು ದಾಟಿಕೊಂಡು ಹೋಗುವವರೆಲ್ಲರೂ ಕಲ್ಲೆದೆಯವರಲ್ಲ. ಅವರಲ್ಲಿ ಅನೇಕರು ಹಿಂದೊಮ್ಮೆ ನಿಲ್ಲಿಸಿ, ಎತ್ತಿಕೊಂಡು ಹೋಗಿ, ಎಲ್ಲಿಯೂ ಇಳಿಸಲು ಎಡೆ ಕಾಣದೆ ಮರಳಿದವರು.

ಕನ್ನಡನಾಡಿಗೆ ಪ್ರಾಣಿಯನ್ನು ದಾಖಲೆಯಲ್ಲಿ ಸೇರಿಸುವುದು ಹೊಸತೇನೂ ಅಲ್ಲ. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತು ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿರುವ ಶಿಲಾಶಾಸನವು ಹತ್ತನೆಯ ಶತಮಾನದ ನಡುಭಾಗದ್ದು. ರಾಷ್ಟ್ರಕೂಟ ಮೂರನೆಯ ಕೃಷ್ಣನೂ ಗಂಗ ಬೂತುಗನೂ ಚೋಳರನ್ನು ಗೆದ್ದ ಕಾಲದಲ್ಲಿ, ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೇರನೆಂಬ ವೀರನು ಅದನ್ನು ಮೆಚ್ಚಿದ ಒಡೆಯನಲ್ಲಿ ಬೇಡಿ ಪಡೆದ ‘ಕಾಳಿ’ ಎಂಬ ನಾಯಿಯು ಕಾಡುಹಂದಿಯೊಂದರೊಡನೆ ಹೋರಾಡಿ, ಹಂದಿಯೂ ತಾನೂ ಕೂಡಿಯೇ ಸತ್ತುದನ್ನು ಅದು ಹೇಳುತ್ತದೆ, ಮತ್ತು ಆ ಕಲ್ಲಿನ ಪೂಜೆಗೆಂದು ಭೂಮಿಯನ್ನು ಬಿಟ್ಟುದನ್ನೂ ಹೇಳುತ್ತದೆ. ಹನ್ನೆರಡನೆಯ ಶತಮಾನದಲ್ಲಿ ಚಾಲುಕ್ಯ ರಾಜವಂಶದ ಕೀರ್ತಿವರ್ಮನು ‘ಗೋವೈದ್ಯ’ವನ್ನು ಕನ್ನಡದಲ್ಲಿಯೇ ರಚಿಸಿದನು, ರಾಜಪುತ್ರನೊಬ್ಬನು ದನಕರುಗಳ ರೋಗವನ್ನೂ ಮದ್ದನ್ನೂ ಬರೆಯಲು ಕುಳಿತುದು ಅಂದಿನ ಸಮಾಜವು ಆ ವಿದ್ಯೆಗೆ ಕೊಟ್ಟಿದ್ದ ಬೆಲೆಯನ್ನು ತೋರಿಸುತ್ತದೆ.

ನಮ್ಮ ಕಾಲದ ಪಶುವೈದ್ಯ ವ್ಯವಸ್ಥೆಯು ಕಟ್ಟಲ್ಪಟ್ಟುದು ದನಕರುಗಳಿಗಾಗಿ. ಹಳ್ಳಿಗೆ ಹಳ್ಳಿಯನ್ನೇ ಬರಿದುಮಾಡುತ್ತಿದ್ದ ದೊಡ್ಡರೋಗಕ್ಕೆ, ಎಂದರೆ ರಿಂಡರ್‌ಪೆಸ್ಟಿಗೆ, ಎದುರಾಗಿ ಮೈಸೂರು ಸಂಸ್ಥಾನವು 1920ರ ದಶಕದಲ್ಲಿ ಹೆಬ್ಬಾಳದಲ್ಲಿ ಸೀರಂ ಸಂಸ್ಥೆಯನ್ನು ಸ್ಥಾಪಿಸಿತು. 1958ರಲ್ಲಿ ಅದೇ ಹೆಬ್ಬಾಳದಲ್ಲಿ ಪಶುವೈದ್ಯಕೀಯ ಕಾಲೇಜು ಬಂದಿತು. ಊರೂರಿಗೆ ಹೋಗಿ ಲಸಿಕೆ ಹಾಕಿದ ಅಜ್ಞಾತ ನೌಕರರ ಶ್ರಮವು ಜಗತ್ತಿನ ಇತರೆಡೆಗಳ ಶ್ರಮದೊಡನೆ ಸೇರಿ, 2011ರಲ್ಲಿ ಆ ರೋಗವು ಭೂಮಿಯಿಂದಲೇ ನಿರ್ಮೂಲವಾಯಿತೆಂದು ಘೋಷಿತವಾಯಿತು. ಸಿಡುಬಿನ ತರುವಾಯ ಮಾನವನು ಪೂರ್ತಿಯಾಗಿ ಗೆದ್ದ ಎರಡನೆಯ ರೋಗ ಅದು. ಇಂಥ ಸಾಧನೆಯ ಇಲಾಖೆಯನ್ನು ಹಗುರವಾಗಿ ಟೀಕಿಸುವುದು ಕೃತಘ್ನತೆಯಾದೀತು. ಇಂದಿಗೂ ಒಬ್ಬ ಪಶುವೈದ್ಯಾಧಿಕಾರಿಯ ತಲೆಯಮೇಲೆ ಕಾಲುಬಾಯಿ ಜ್ವರದ ಲಸಿಕೆ, ಕೃತಕ ಗರ್ಭಧಾರಣೆ, ವಿಮೆಗಾಗಿ ಶವಪರೀಕ್ಷೆ, ಜಾನುವಾರು ಗಣತಿ, ಸಭೆ, ವರದಿ ಎಲ್ಲವೂ ಇವೆ. 2022ರಲ್ಲಿ ರಾಜ್ಯಕ್ಕೆ 275 ಸಂಚಾರಿ ಪಶುಚಿಕಿತ್ಸಾ ವಾಹನಗಳು ಬಂದುವು. 1962ಕ್ಕೆ ಕರೆ ಮಾಡಿದರೆ ಹಟ್ಟಿಯ ಬಾಗಿಲಿಗೇ ವೈದ್ಯರು ಬರುವ ಈ ಏರ್ಪಾಡು, ಮೂರು ಕಡೆ ಆಂಧ್ರವನ್ನು ಮುಟ್ಟಿಕೊಂಡು ಜಿಲ್ಲಾಕೇಂದ್ರಕ್ಕೆ ದೂರವಾಗಿರುವ ಪಾವಗಡದಂಥ ತಾಲ್ಲೂಕಿಗೆ ನಿಜವಾದ ವರ. ಆದರೂ ನಾಯಿ, ಬೆಕ್ಕು, ಮುದಿಗತ್ತೆ ಮೊದಲಾದ, ಹಾಲನ್ನೂ ಮಾಂಸವನ್ನೂ ಕೊಡದ ಪ್ರಾಣಿಗಳು ಈ ವ್ಯವಸ್ಥೆಯ ಅಂಚಿನಲ್ಲಿಯೇ ಉಳಿದಿವೆ.

ನಗರಗಳಲ್ಲಿ ಈ ತೆರವನ್ನು ತುಂಬಿದುವು ಧರ್ಮಾರ್ಥದ ಸಂಸ್ಥೆಗಳು. ಕ್ರಿಸ್ಟಲ್ ರೋಜರ್ಸ್ ಎಂಬ ಇಂಗ್ಲಿಷ್ ಮಹಿಳೆ, ದೆಹಲಿ ಜೈಪುರಗಳಲ್ಲಿ ಪ್ರಾಣಿಗಳಿಗೆ ಆಶ್ರಯಸ್ಥಾನಗಳನ್ನು ಕಟ್ಟಿದ ಬಳಿಕ, ಎಂಬತ್ತನ್ನು ದಾಟಿದ ವಯಸ್ಸಿನಲ್ಲಿ ಬೆಂಗಳೂರಿಗೆ ಬಂದು 1991ರಲ್ಲಿ ‘ಕ್ಯೂಪಾ’ ಎಂಬ ಪ್ರಾಣಿದಯಾ ಸಂಸ್ಥೆಯನ್ನು ಆರಂಭಿಸಿದರು. ಅಲ್ಲಿಂದೀಚೆಗೆ ಅಂಥ ಸಂಸ್ಥೆಗಳೂ ಅಲ್ಪ ಶುಲ್ಕದ ಚಿಕಿತ್ಸಾಲಯಗಳೂ ಬೆಳೆದಿವೆ. ಸಾವಿರಾರು ಮಧ್ಯಮವರ್ಗದ ಕುಟುಂಬಗಳು ಅವುಗಳನ್ನೇ ನೆಚ್ಚಿಕೊಂಡಿವೆ. ಬೆಂಗಳೂರಿನಲ್ಲಿ ನೆಲೆಸಿರುವ ನನ್ನ ಬಂಧುವೊಬ್ಬರು ತಮ್ಮ ಹೆಣ್ಣುನಾಯಿಗೆ ಇಂಥದೊಂದು ಸ್ಥಳದಲ್ಲಿ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿದರು. ಮನೆಗೆ ತಂದ ಕೆಲದಿನಗಳಲ್ಲಿ ಹೊಲಿಗೆ ಬಿಟ್ಟು ಗಾಯ ಬಾಯಿತೆರೆಯಿತು. ಫೋನು ಮಾಡಿದರೆ ‘ಇಷ್ಟು ಕಡಮೆ ದುಡ್ಡಿಗೆ ಇನ್ನೇನು ನಿರೀಕ್ಷೆ ಮಾಡ್ತೀರಿ’ ಎಂಬ ಮಾತು. ಹತ್ತಿರದ ಬೇರೊಬ್ಬ ವೈದ್ಯರ ಬಳಿಗೆ ಓಡಿದರು. ಅವರು ಕೇಳಿದ ಮೊದಲ ಪ್ರಶ್ನೆ, ಯಾವ ಇಂಜೆಕ್ಷನ್ ಕೊಟ್ಟಿದ್ದಾರೆ, ಒಳಗಿನ ಹೊಲಿಗೆ ಯಾವ ದಾರದ್ದು ಎಂದು. ಬಂಧುವಿನ ಕೈಯಲ್ಲಿ ಹಣ ಸಂದಾಯದ ರಸೀತಿಯಿತ್ತೇ ಹೊರತು ಚಿಕಿತ್ಸೆಯ ವಿವರವಿದ್ದ ಚೀಟಿ ಇರಲಿಲ್ಲ. ನಾಯಿ ಬದುಕಿತು, ಉಳಿಸಿದ ಹಣದ ಅನೇಕ ಪಟ್ಟು ಖರ್ಚಾಯಿತು.

ಹೊಲಿಗೆ ಬಿಡುವುದು ಎಷ್ಟೇ ಕುಶಲನಾದ ವೈದ್ಯನ ಕೈಯಲ್ಲೂ ಒಮ್ಮೊಮ್ಮೆ ಸಂಭವಿಸುವುದು, ಅದನ್ನು ನಾನು ಅಪರಾಧವೆನ್ನಲಾರೆ. ನನ್ನನ್ನು ನೋಯಿಸಿದ್ದು ಆ ಮಾತು. ಶುಲ್ಕವು ಕಡಮೆಯಾದರೆ ಹೊಣೆಯೂ ಕಡಮೆಯಾಗುವುದೆಂಬ ಭಾವನೆ ಸಂಸ್ಥೆಗಳಲ್ಲಿ ಮಾತ್ರವೇ ಅಲ್ಲ, ಸೇವೆಯನ್ನು ಪಡೆಯುವ ನಮ್ಮಲ್ಲಿಯೂ ಬೇರೂರಿದೆ. ಬಿಟ್ಟಿಯಾಗಿ ಕೊಟ್ಟುದನ್ನು ಪ್ರಶ್ನಿಸಬಾರದೆಂದು ನಾವು ಬಾಯಿಮುಚ್ಚಿಕೊಂಡು ಹಿಂದಿರುಗುತ್ತೇವೆ. ಸರ್ಕಾರಿ ಆಸ್ಪತ್ರೆಯ ಔಷಧವು ನಮ್ಮ ತೆರಿಗೆಯಿಂದ ಬಂದುದು, ಧರ್ಮಸಂಸ್ಥೆಯ ಔಷಧವು ದಾನಿಗಳಿಂದ ಬಂದುದು. ಎರಡೂ ಆ ಪ್ರಾಣಿಯ ಹೆಸರಿನಲ್ಲಿ ಬಂದ ಹಣವೇ ಆಗಿರುವಾಗ, ಅದರ ಪರವಾಗಿ ನಿಂತವನು ಪ್ರಶ್ನಿಸುವುದು ಹೇಗೆ ತಪ್ಪಾದೀತು?

ಪಡೆಯುವವರ ಕಡೆಯ ಲೋಪಗಳನ್ನೂ ಹೇಳದೆ ಬಿಡುವುದು ನ್ಯಾಯವಲ್ಲ. ಸೊಂಟ ಮುರಿದ ನಾಯಿಯನ್ನು ರಾತ್ರಿಹೊತ್ತು ಆಶ್ರಯಸ್ಥಾನದ ಗೇಟಿಗೆ ಕಟ್ಟಿಹೋಗುವವರು, ಮೂರನೆಯ ದಿನ ಬರಲು ಹೇಳಿದರೆ ಮುಖ ತೋರಿಸದವರು, ಜಾತಿನಾಯಿಯ ಮರಿಗೆ ಸಾವಿರಾರು ರೂಪಾಯಿ ಸುರಿದು ಪಾರ್ವೊ ಲಸಿಕೆಗೆ ಮಾತ್ರ ಚೌಕಾಸಿ ಮಾಡುವವರು ಎಲ್ಲೆಲ್ಲಿಯೂ ಇದ್ದಾರೆ. ಬೇನೆ ಬಂದ ಮುದಿ ಎತ್ತನ್ನು ಊರಾಚೆ ಬಿಟ್ಟುಬರುವ ಅಭ್ಯಾಸವೂ ನಮ್ಮ ಸೀಮೆಗೆ ಹೊಸದಾಗಿ ಬಂದಿದೆ. 1960ರ ಪ್ರಾಣಿಹಿಂಸಾ ನಿಷೇಧ ಕಾಯಿದೆಯು ಮೊದಲ ಅಪರಾಧಕ್ಕೆ ವಿಧಿಸಿರುವ ದಂಡ ಹತ್ತರಿಂದ ಐವತ್ತು ರೂಪಾಯಿ. ಅಂದಿನ ಐವತ್ತು ರೂಪಾಯಿಗೆ ತೂಕವಿತ್ತು, ಇಂದು ಅದು ಇಬ್ಬರ ತಿಂಡಿಗೂ ಸಾಲದು. ಹೀಗಾಗಿ ಕಾನೂನಿನ ಭಯದಿಂದ ಆಗಬೇಕಾದ ಕೆಲಸವು ಕರುಣೆಯುಳ್ಳ ಕೆಲವರ ಹೆಗಲಿಗೆ ಬಿದ್ದಿದೆ.

ಆ ಕೆಲವರು ಒಟ್ಟುಗೂಡಿದರೆ ಏನಾದೀತೆಂಬುದಕ್ಕೆ ಕೊಕ್ಕರೆ ಬೆಳ್ಳೂರು ನಿದರ್ಶನ. ಮರದ ಗೂಡಿನಿಂದ ಕೆಳಗೆ ಬಿದ್ದ ಹೆಜ್ಜಾರ್ಲೆಯ ಮರಿಗಳನ್ನು ಊರವರೇ ಎತ್ತಿ ತಂದು, ಬೇಲಿಯೊಳಗಿಟ್ಟು ಮೀನು ತಿನ್ನಿಸಿ, ರೆಕ್ಕೆ ಬಲಿತಮೇಲೆ ಹಾರಬಿಡುವ ಏರ್ಪಾಡು ಅಲ್ಲಿ ನಡೆದುಬಂದಿದೆ. ಶಿರಾಕ್ಕೆ ಸಮೀಪದ ಕಗ್ಗಲಡುವಿನ ಜನ ತಮ್ಮ ಊರಿನ ಹುಣಿಸೆಮರಗಳಲ್ಲಿ ಗೂಡುಕಟ್ಟುವ ಬಣ್ಣದ ಕೊಕ್ಕರೆಗಳನ್ನು ಮನೆಗೆ ಬಂದ ಹೆಣ್ಣುಮಕ್ಕಳಂತೆ ಕಾಪಾಡುತ್ತಿದ್ದಾರೆ. ನಮ್ಮ ತಾಲ್ಲೂಕಿನ ಮೈದನಹಳ್ಳಿಯ ಕೃಷ್ಣಮೃಗಗಳಿಗೆ 2007ರಿಂದ ಸಂರಕ್ಷಿತ ಪ್ರದೇಶವುಂಟು. ಅಲ್ಲಿ ಗಾಯಗೊಂಡ ಜಿಂಕೆಯನ್ನು ಕಂಡವನು ಅರಣ್ಯ ಇಲಾಖೆಗೆ ತಿಳಿಸಬೇಕೆಂಬುದು ಈಗ ಬಹುಮಟ್ಟಿಗೆ ಎಲ್ಲರಿಗೂ ಗೊತ್ತು. ಕಾಡಿನ ಪ್ರಾಣಿಗೆ ಒಂದು ಇಲಾಖೆ, ಹಟ್ಟಿಯ ಪ್ರಾಣಿಗೆ ಒಂದು ಇಲಾಖೆ. ಬೀದಿಯ ಪ್ರಾಣಿಗೆ ಯಾರೆಂಬುದೇ ಹುಡುಗನ ಪೆನ್ನು ತಡೆದು ನಿಂತ ಆ ಅಂಕಣದ ಪ್ರಶ್ನೆ.

ಬರಹದಲ್ಲಿ ಇದಕ್ಕೆ ಉತ್ತರವಿಲ್ಲದೆ ಇಲ್ಲ. 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳು ಬೀದಿನಾಯಿಗಳ ಶಸ್ತ್ರಚಿಕಿತ್ಸೆ ಮತ್ತು ಲಸಿಕೆಯ ಭಾರವನ್ನು ಸ್ಥಳೀಯ ಸಂಸ್ಥೆಗಳಮೇಲೆ ಹೊರಿಸಿವೆ. ಸರ್ವೋಚ್ಚ ನ್ಯಾಯಾಲಯವು 2025ರ ಆಗಸ್ಟ್ 22ರಂದು, ಹುಚ್ಚು ಹಿಡಿದ ಮತ್ತು ಮೇಲೆರಗುವ ಸ್ವಭಾವದ ನಾಯಿಗಳನ್ನುಳಿದು ಮಿಕ್ಕವನ್ನು ಚಿಕಿತ್ಸೆಯ ನಂತರ ಹಿಡಿದ ಜಾಗದಲ್ಲಿಯೇ ಬಿಡಬೇಕೆಂದಿತು. ನವೆಂಬರ್ 7ರಂದು ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ, ರೈಲು ನಿಲ್ದಾಣಗಳ ಆವರಣದಿಂದ ಅವುಗಳನ್ನು ತೆಗೆದು ಆಶ್ರಯಗಳಿಗೆ ಸಾಗಿಸಬೇಕೆಂದು ಆಜ್ಞಾಪಿಸಿತು. ನಾಯಿ ಕಚ್ಚಿದ ಮಗುವಿನ ತಾಯಿಯ ಭೀತಿಯನ್ನು ಅಲ್ಲಗಳೆಯುವ ಕರುಣೆ ನನಗೆ ಬೇಡ; ಹುಚ್ಚುನಾಯಿ ರೋಗವು ಲಕ್ಷಣ ತೋರಿದಮೇಲೆ ಮದ್ದಿಲ್ಲದ ರೋಗ. ಆದರೆ ಒಂದು ಪ್ರದೇಶದ ನಾಯಿಗಳಲ್ಲಿ ನೂರಕ್ಕೆ ಎಪ್ಪತ್ತಕ್ಕೆ ಲಸಿಕೆ ಹಾಕಿದರೆ ಆ ರೋಗದ ಸರಪಳಿ ಕಡಿಯುವುದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತಿರುವಾಗ, ಮಗುವನ್ನು ಕಾಯುವ ಕೆಲಸವೂ ನಾಯಿಯನ್ನು ಆಸ್ಪತ್ರೆಗೆ ತರುವವನಿಂದಲೇ ಮೊದಲಾಗುತ್ತದೆ. ಅವನನ್ನು ಬಾಗಿಲಿನಿಂದ ಹಿಂದಕ್ಕೆ ಕಳುಹಿಸುವುದು ಊರಿಗೇ ಅಪಾಯ.

ನಾನು ಕೇಳುವುದು ಹೆಚ್ಚಿನದೇನಲ್ಲ. ಪ್ರತಿಯೊಂದು ಪಶುಚಿಕಿತ್ಸಾಲಯದ ದಾಖಲೆಯಲ್ಲಿ ಮಾಲೀಕನ ಅಂಕಣದ ಪಕ್ಕದಲ್ಲಿ ಕರೆತಂದವನಿಗೂ ಒಂದು ಅಂಕಣವಿರಲಿ. ಕೊಟ್ಟ ಔಷಧ, ಮತ್ತೆ ಬರಬೇಕಾದ ದಿನ, ಕೆಟ್ಟರೆ ಕರೆಯಬೇಕಾದ ಸಂಖ್ಯೆ ಇವನ್ನು ಕನ್ನಡದಲ್ಲಿ ಬರೆದ ಚೀಟಿಯೊಂದು ಅವನ ಕೈಗೆ ಬರಲಿ. ಉಳಿಸಲಾಗದ ಪ್ರಾಣಿಯಾದರೆ ಹಾಗೆಂದು ಅವನಿಗೆ ಮುಖಕ್ಕೆ ಮುಖ ಕೊಟ್ಟು ಹೇಳುವ ಧೈರ್ಯ ವೈದ್ಯರಿಗಿರಲಿ. ವರ್ಷಕ್ಕೊಮ್ಮೆ ಸೆಪ್ಟೆಂಬರ್ 28ರ ರೇಬಿಸ್ ದಿನದಂದು ಲಸಿಕಾ ಶಿಬಿರ ನಡೆಯುವುದುಂಟು. ಅದು ತಾಲ್ಲೂಕು ಕೇಂದ್ರದಲ್ಲಿಯೇ ನಿಂತುಬಿಟ್ಟರೆ ಬಡವನಹಳ್ಳಿಯ ಕೂಲಿಯವಳು ತನ್ನ ನಾಯಿಯನ್ನು ಬಸ್ಸಿನಲ್ಲಿ ಹತ್ತಿಸಿಕೊಂಡು ಬರಲಾರಳು, ಕಂಡಕ್ಟರು ಹತ್ತಿಸಿಕೊಳ್ಳುವುದೂ ಇಲ್ಲ. ತಿಂಗಳಿಗೊಂದು ಗೊತ್ತಾದ ದಿನ, ಸಂತೆಯ ದಿನವಾದರೆ ಇನ್ನೂ ಲೇಸು, ಹೋಬಳಿಗೊಂದರಂತೆ ಪಂಚಾಯಿತಿಯೂ ಇಲಾಖೆಯೂ ಕೂಡಿ ಲಸಿಕೆಯನ್ನಾದರೂ ಹಾಕಲಿ. ಶಸ್ತ್ರಚಿಕಿತ್ಸೆಗೆ ಬೇಕಾದ ಕೋಣೆಯೊಂದನ್ನು ನಾಲ್ಕು ತಾಲ್ಲೂಕುಗಳ ನಡುವೆ ಮಧುಗಿರಿಯಲ್ಲಿ ಕಟ್ಟಿಸುವ ಮಾತು ಮುಂದಿನ ಆಯವ್ಯಯದ ಸಭೆಯಲ್ಲಿ ಬರಲಿ, ಮತ್ತು ಆ ಸಭೆಗೆ ಪ್ರಾಣಿಗಳನ್ನು ಹೊತ್ತು ತಂದು ಅಲೆದವರಲ್ಲಿ ನಾಲ್ವರನ್ನಾದರೂ ಕರೆದು ಕೂರಿಸಲಿ.