ರಿವಾಲ್ವರು ಕೊಳ್ಳುವ ಮೊದಲು



ಕುಕ್ಕರು ಯಾವುದು ಛಲೋ, ಗ್ರೈಂಡರಿನ ಕಲ್ಲು ಎಷ್ಟು ಸೇರಿನದು ಇರಬೇಕು ಅಂತ ನೀವು ಕೇಳುತ್ತಲೇ ಬಂದಿದ್ದೀರಿ, ನಾನೂ ತಿಳಿದಷ್ಟು ಬರೆಯುತ್ತಲೇ ಬಂದಿದ್ದೇನೆ. ರಿವಾಲ್ವರು ಯಾವುದು ತಗೋಬೇಕು ಅಂತ ಕಾಗದ ಬಂದದ್ದು ಮಾತ್ರ ಇದೇ ಮೊದಲು. ಅದೂ ಒಂದಲ್ಲ, ಎರಡು.

ಮಸ್ಕಿಯ ಸೋದರಿಯೊಬ್ಬರು ಬರೆದಿದ್ದಾರೆ. ಮಗಳು ಸೆಕೆಂಡ್ ಪಿಯುಸಿ. ಎನ್‌ಸಿಸಿ ಕ್ಯಾಂಪಿನಲ್ಲಿ ಪಾಯಿಂಟ್ 22 ರೈಫಲಿನಿಂದ ಗುರಿ ಹೊಡೆದು ಎಲ್ಲರ ಕಣ್ಣು ತನ್ನ ಮೇಲೆ ಬೀಳುವ ಹಾಗೆ ಮಾಡಿ ಬಂದಿದ್ದಾಳೆ. ಯಜಮಾನರು ಸಿಂಧನೂರಿನಲ್ಲಿ ಭತ್ತದ ವ್ಯಾಪಾರದವರು, ಸುಗ್ಗಿಯಲ್ಲಿ ರಾತ್ರಿ ರೊಕ್ಕ ಹಿಡಿದು ಊರಿಗೆ ಮರಳುವವರು. ಹೀಗಾಗಿ ಹುಡುಗಿಯ ಸೋದರಮಾವ, 'ಪಾಯಿಂಟ್ 22ದ ಒಂದು ರಿವಾಲ್ವರು ತಗೊಳ್ರಿ, ಮಗಳ ಆಟಕ್ಕೂ ಆತು, ಮನೀ ಕಾವಲಿಗೂ ಆತು' ಅಂತ ಹಟ ಹಿಡಿದಿದ್ದಾರಂತೆ. ಲಿಂಗಸುಗೂರಿನ ಇನ್ನೊಬ್ಬರು, 'ಹೆಂಗಸರಿಗಂತಲೇ ಸರಕಾರದವರು ಹಗುರಾದ ರಿವಾಲ್ವರು ಮಾಡ್ಯಾರಂತ, ಅದರಲ್ಲಿ ಗುರಿ ಕಲಿಯಬಹುದೇನ್ರಿ?' ಎಂದು ಕೇಳಿದ್ದಾರೆ.

ನಮ್ಮ ಅಕ್ಕನ ಮಗಳು ಬೆಂಗಳೂರಿನಲ್ಲಿ ನಾಲ್ಕು ವರ್ಷದಿಂದ ಪಿಸ್ತೂಲಿನ ಆಟ ಆಡುತ್ತಾಳೆ. ಅವಳನ್ನು ಕೂಡಿಸಿಕೊಂಡು ಕೇಳಿ, ಕಾಯಿದೆಯ ಪುಸ್ತಕವನ್ನೂ ತಿರುವಿ ಹಾಕಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ಈ 'ರಿಮ್‌ಫೈರ್' ಅನ್ನುವುದು ಏನು ಅಂತ ತಿಳಿದುಕೊಳ್ಳೋಣ. ಕರ್ಚಿಕಾಯಿ ಮಾಡುವಾಗ ಅಂಚು ಮಡಚುತ್ತೇವಲ್ಲ, ಆ ಮಡಿಕೆಯೊಳಗೆ ಚೂರು ಹೂರಣ ಸಿಕ್ಕಿಕೊಂಡಿತು ಅನ್ನಿ. ಈ ತೋಟಾದ ಬುಡದ ಅಂಚಿನ ಮಡಿಕೆಯಲ್ಲೂ ಹಾಗೆಯೇ ಕಿಡಿ ಹೊತ್ತುವ ಮದ್ದನ್ನು ಸೇರಿಸಿರುತ್ತಾರೆ. ಕುದುರೆ ಎಳೆದರೆ ಒಳಗಿನ ಮೊಳೆ ಆ ಅಂಚನ್ನು ಜಜ್ಜುತ್ತದೆ, ಮದ್ದು ಹೊತ್ತುತ್ತದೆ. ಅಂಚು ಜಜ್ಜಿದ ಮೇಲೆ ಆ ಖೋಲಿಯನ್ನು ತಿರುಗಿ ತುಂಬುವ ಹಾಗಿಲ್ಲ. ದೊಡ್ಡ ತೋಟಾಗಳಲ್ಲಿ ಮದ್ದು ಬುಡದ ನಟ್ಟನಡುವೆ ಇರುತ್ತದೆ. ಪಾಯಿಂಟ್ 22 ಅಂದರೆ 5.6 ಮಿಲಿಮೀಟರ್ ಅಗಲದ ಗುಂಡು. ತೂಕ ಸಾಮಾನ್ಯವಾಗಿ ಎರಡೂವರೆ ಗ್ರಾಂ ಚಿಲ್ಲರೆ. ಸದ್ದು ಕಡಿಮೆ, ಕೈಗೆ ಬೀಳುವ ಪೆಟ್ಟೂ ಕಡಿಮೆ, ಖರ್ಚೂ ಕಡಿಮೆ. ಆದ್ದರಿಂದಲೇ ಜಗತ್ತಿನೆಲ್ಲೆಡೆ ಗುರಿ ಕಲಿಸುವವರು ಇದನ್ನೇ ಹಿಡಿಸುತ್ತಾರೆ. ಸಣ್ಣದು ಅಂತ ಸಸಾರ ಮಾಡಬೇಡಿ, ಪ್ರಾಣ ತೆಗೆಯುವುದಕ್ಕೆ ಅದು ಧಾರಾಳ ಸಾಕು.

ಇನ್ನು ಗುರಿಗೆ ಒಳ್ಳೆಯ ರಿವಾಲ್ವರು ಅಂದರೆ ಹೇಗಿರಬೇಕು? ಬಳೆ ಆರಿಸುವ ಹಾಗೆ ಮೊದಲು ಕೈ ಅಳತೆ ನೋಡಬೇಕು. ಹಿಡಿಯನ್ನು ಸರಿಯಾಗಿ ಹಿಡಿದಾಗ ತೋರುಬೆರಳಿನ ಮೊದಲ ಗೆಣ್ಣಿನ ಮೆತ್ತನೆಯ ಭಾಗ ಕುದುರೆಯ ಮೇಲೆ ತಾನಾಗಿ ಕೂರಬೇಕು. ಬೆರಳು ಚಾಚಬೇಕಾದರೆ ಹಿಡಿ ದೊಡ್ಡದಾಯಿತು ಅಂತಲೇ ಅರ್ಥ. ನಮ್ಮ ಹೆಣ್ಣುಮಕ್ಕಳ ಕೈಗೆ ಹೆಚ್ಚಾಗಿ ಆಗುವುದು ಹೀಗೇ. ಎರಡನೆಯದು ತೂಕ. ಹಗುರಾದದ್ದೇ ಛಲೋ ಅಂತ ನಮಗೆಲ್ಲ ಅನ್ನಿಸುತ್ತದೆ, ಆದರೆ ಗುರಿಯ ಆಟದಲ್ಲಿ ಇದು ಉಲ್ಟಾ. ಸುಮಾರು ಒಂದು ಕಿಲೋ ತೂಗುವ ರಿವಾಲ್ವರು ಕೈಯಲ್ಲಿ ನಿಲ್ಲುತ್ತದೆ, ಹಗುರಾದದ್ದು ಉಸಿರಾಡಿದರೂ ಅಲ್ಲಾಡುತ್ತದೆ. ಮೂರನೆಯದು ನಳಿಗೆ. ಆರು ಇಂಚಿನದಾದರೆ ಮುಂದಿನ ಮತ್ತು ಹಿಂದಿನ ಗುರಿಕಣ್ಣುಗಳ ನಡುವೆ ಅಂತರ ಸಾಕಷ್ಟು ಇರುತ್ತದೆ, ಚೂರು ತಪ್ಪಿದರೂ ಕಣ್ಣಿಗೆ ಕಾಣುತ್ತದೆ. ಅಂತಾರಾಷ್ಟ್ರೀಯ ನಿಯಮದಲ್ಲಿ ಈ ಸ್ಪರ್ಧೆಯ ಆಯುಧಕ್ಕೆ 153 ಮಿಲಿಮೀಟರಿನ ಮಿತಿ ಇದೆ. ಆರು ಇಂಚು ಅಂದರೆ 152, ಕೂದಲೆಳೆಯಷ್ಟರಲ್ಲಿ ಒಳಗೇ ಕೂತುಬಿಟ್ಟಿತು! ಹಿಂದಿನ ಗುರಿಕಣ್ಣನ್ನು ತಿರುಪಿನಿಂದ ಅತ್ತಿತ್ತ ಸರಿಸಲು ಬರಬೇಕು. ಗುಂಡು ತುಂಬುವ ಸಿಲಿಂಡರು ಒಂದೊಂದು ಸಲ ತಿರುಗಿದಾಗಲೂ ಅದರ ತೂತು ನಳಿಗೆಗೆ ನೇರ ಕೂರಬೇಕು. ಕೂರದಿದ್ದರೆ ಸೀಸ ಕೆತ್ತಿ ಪಕ್ಕಕ್ಕೆ ಸಿಡಿಯುತ್ತದೆ. ಹಳೆಯ ಮಾಲು ಕೊಳ್ಳುವವರು ನೋಡಬೇಕಾದದ್ದು ಮುಖ್ಯವಾಗಿ ಇದನ್ನೇ, ಹೊಳಪನ್ನಲ್ಲ.

ಕುದುರೆಯ ಬಿಗಿ ಇನ್ನೊಂದು. ರಿವಾಲ್ವರಿನಲ್ಲಿ ಹೆಬ್ಬೆರಳಿಂದ ಸುತ್ತಿಗೆ ಹಿಂದಕ್ಕೆ ಎಳೆದುಕೊಂಡು ಹೊಡೆದರೆ ಕುದುರೆ ಮೆತ್ತಗೆ ಬರುತ್ತದೆ. ಎಳೆದುಕೊಳ್ಳದೆ ಒಂದೇ ಸಲಕ್ಕೆ ಹೊಡೆದರೆ ಬೆರಳಿನಿಂದ ನಾಲ್ಕೈದು ಕಿಲೋ ಭಾರ ಎಳೆದಂತೆ, ಗುರಿ ಎಲ್ಲಿಗೋ ಹೋಯಿತು.

ಇಲ್ಲೇ ಮಸ್ಕಿಯ ಸೋದರಮಾವನವರ ಲೆಕ್ಕ ತಪ್ಪುವುದು. ಒಲಿಂಪಿಕ್ಸಿನಲ್ಲಿ ಹೆಂಗಸರ 25 ಮೀಟರ್ ಸ್ಪರ್ಧೆ ಪಾಯಿಂಟ್ 22ರದೇ ಹೌದು. ಒಟ್ಟು 60 ಗುಂಡು. ಮೊದಲ 30 ನಿಧಾನ, ಐದು ಗುಂಡಿಗೆ ಐದು ನಿಮಿಷ. ಉಳಿದ 30ರಲ್ಲಿ ಗುರಿ ಮೂರು ಸೆಕೆಂಡು ಮಾತ್ರ ಸಿಗುತ್ತದೆ, ಏಳು ಸೆಕೆಂಡು ಮರೆಯಾಗುತ್ತದೆ, ಒಂದು ಸಲಕ್ಕೆ ಒಂದೇ ಗುಂಡು. ಎಲ್ಲವೂ ನಿಂತುಕೊಂಡು, ಒಂದೇ ಕೈಯಲ್ಲಿ, ಕೈಗೆ ಯಾವ ಆಸರೆಯೂ ಇಲ್ಲದೆ. ಪ್ರತಿ ಗುಂಡಿಗೂ ಸುತ್ತಿಗೆ ಎಳೆದು ಹಿಡಿತ ಸರಿಮಾಡಿಕೊಳ್ಳುವ ರಿವಾಲ್ವರಿನವರು ಇದರಲ್ಲಿ ಹಿಂದೆ ಬೀಳುತ್ತಾರೆ. ಅದಕ್ಕೇ ದೊಡ್ಡ ಸ್ಪರ್ಧೆಗಳಲ್ಲಿ ಕಾಣುವುದು ಐದು ಗುಂಡಿನ ಪಿಸ್ತೂಲುಗಳು. 2018ರ ಏಷ್ಯನ್ ಕ್ರೀಡೆಯಲ್ಲಿ ನಮ್ಮ ನೆರೆಯ ಕೊಲ್ಹಾಪುರದ ರಾಹಿ ಸರ್ನೋಬತ್ ಚಿನ್ನ ಗೆದ್ದದ್ದು ಈ ಸ್ಪರ್ಧೆಯಲ್ಲೇ. 2024ರಲ್ಲಿ ಪ್ಯಾರಿಸ್ಸಿನಲ್ಲಿ ಎರಡು ಕಂಚು ತಂದ ಮನು ಭಾಕರ್ ಇದರಲ್ಲಿ ನಾಲ್ಕನೆಯವರಾದರು. ಆ ಎರಡು ಕಂಚೂ ಬಂದದ್ದು ಗಾಳಿ ಪಿಸ್ತೂಲಿನಿಂದ ಅನ್ನುವುದನ್ನು ನೆನಪಿಡಿ.

ಲಿಂಗಸುಗೂರಿನ ಸೋದರಿ ಕೇಳಿದ 'ಹೆಂಗಸರ ರಿವಾಲ್ವರು' ಅಂದರೆ ನಿರ್ಭೀಕ್. ದೆಹಲಿಯ 2012ರ ಆ ಘೋರ ಪ್ರಕರಣದ ನಂತರ, 2014ರಲ್ಲಿ ಕಾನ್ಪುರದ ಸರಕಾರಿ ಕಾರ್ಖಾನೆ ತಂದದ್ದು. ಅದು ಪಾಯಿಂಟ್ 22 ಅಲ್ಲ, ಪಾಯಿಂಟ್ 32. ಅರ್ಧ ಕಿಲೋ ತೂಕ. ಆಗಲೇ ಬೆಲೆ 1 ಲಕ್ಷ 22 ಸಾವಿರ ರೂಪಾಯಿ ದಾಟಿತ್ತು. ಆಮೇಲೆ ಇಶಾಪುರದ ಕಾರ್ಖಾನೆಯವರು ಪಾಯಿಂಟ್ 22ರಲ್ಲೇ ನಿಡರ್ ಅಂತ ಒಂದು ಮಾಡಿದರು, ತೂಕ ಸುಮಾರು ಕಾಲು ಕಿಲೋ. ಎರಡೂ ಚೀಲದಲ್ಲಿ ಇಟ್ಟುಕೊಂಡು ಓಡಾಡಲೆಂದು ಮಾಡಿದ ಗಿಡ್ಡ ನಳಿಗೆಯವು. ಮೇಲೆ ಹೇಳಿದ ತೂಕ, ನಳಿಗೆ, ಗುರಿಕಣ್ಣು ಯಾವುದರಲ್ಲೂ ಇವು ಗುರಿಯ ಆಟಕ್ಕೆ ಒದಗುವುದಿಲ್ಲ. ಹೊರದೇಶದ ಮಾಲು ಅನ್ನುತ್ತೀರಾ? 1980ರ ದಶಕದಿಂದಲೂ ಸಾಮಾನ್ಯರು ತರಿಸಿಕೊಳ್ಳಲು ಬಾಗಿಲು ಮುಚ್ಚಿದೆ. ಸ್ಪರ್ಧೆಗಳಲ್ಲಿ ಅಂಕ ಗಳಿಸಿ ರಾಷ್ಟ್ರೀಯ ರೈಫಲ್ ಸಂಘದ ಮನ್ನಣೆ ಪಡೆದವರಿಗೆ ಮಾತ್ರ ದಾರಿ ಇದೆ. ಇಲ್ಲೇ ಉಳಿದ ಹಳೆಯ ಪರದೇಶಿ ಆಯುಧಗಳಿಗೆ ಬಂಗಾರದ ಬೆಲೆ.

ಕಾಯಿದೆಯ ಮಾತಿಗೆ ಬರೋಣ. 1959ರ ಶಸ್ತ್ರಾಸ್ತ್ರ ಕಾಯಿದೆಯ ಪ್ರಕಾರ ರಿವಾಲ್ವರಿಗೆ ಲೈಸೆನ್ಸು ಬೇಕೇ ಬೇಕು, 21 ವರ್ಷ ತುಂಬಿರಬೇಕು. ಪಿಯುಸಿ ಹುಡುಗಿಗೆ ಇನ್ನೂ ನಾಲ್ಕು ವರ್ಷ ದೂರ. ಅಪ್ಪನ ಹೆಸರಿನಲ್ಲಿ ತಗೊಂಡರೆ ಅದು ಅಪ್ಪನದೇ, ಮಗಳು ತನ್ನ ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತುವ ಹಾಗಿಲ್ಲ. ಅರ್ಜಿಯನ್ನು ರಾಯಚೂರಿನ ಜಿಲ್ಲಾಧಿಕಾರಿಗಳಿಗೆ ಕೊಡಬೇಕು, ಪೊಲೀಸರ ವರದಿ ಆಗಬೇಕು, ಯಾಕೆ ಬೇಕು ಅನ್ನುವುದಕ್ಕೆ ತಕ್ಕ ಕಾರಣ ತೋರಿಸಬೇಕು. ಕಾರಣ ಒಪ್ಪಿಗೆಯಾಗದಿದ್ದರೆ ಇಲ್ಲ ಅನ್ನುವ ಅಧಿಕಾರ ಅವರಿಗಿದೆ. ಆಟ ಅಂತ ಬರೆಯುತ್ತೀರೋ, ಕಾವಲು ಅಂತ ಬರೆಯುತ್ತೀರೋ? ಎರಡಕ್ಕೂ ಬೇರೆ ಬೇರೆ ದಾಖಲೆ. ಸಿಕ್ಕ ಲೈಸೆನ್ಸು 2019ರ ತಿದ್ದುಪಡಿಯಿಂದೀಚೆಗೆ ಐದು ವರ್ಷಕ್ಕೆ. ಚುನಾವಣೆ ಬಂದಾಗಲೆಲ್ಲ ಠಾಣೆಯಲ್ಲಿ ಇಟ್ಟು ಬಾ ಅನ್ನುತ್ತಾರೆ. ಮದುವೆ ಮೆರವಣಿಗೆಯಲ್ಲಿ ಖುಷಿಗೆ ಅಂತ ಮೇಲಕ್ಕೆ ಹಾರಿಸಿ ಪರರ ಜೀವಕ್ಕೆ ಅಪಾಯ ತಂದರೆ ಎರಡು ವರ್ಷದ ತನಕ ಜೈಲು, ಇಲ್ಲವೇ ಒಂದು ಲಕ್ಷದ ತನಕ ದಂಡ, ಇಲ್ಲವೇ ಎರಡೂ. ಇದನ್ನು ಸೋದರಮಾವನವರಿಗೆ ಓದಿ ಹೇಳಿ. 'ಕೊಡಗಿನಾಗ ಲೈಸೆನ್ಸೇ ಬ್ಯಾಡ' ಅನ್ನುವವರು ಪ್ರತಿ ಮನೆಯಲ್ಲೂ ಒಬ್ಬರು ಇರುತ್ತಾರೆ. ಆ ವಿನಾಯಿತಿ ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಸೇರಿದ್ದು, ನಮಗಲ್ಲ.

ಅದೇ ಕಾಯಿದೆಯಲ್ಲಿ ಒಂದು ಸ್ವಾರಸ್ಯವಿದೆ. ಮಾನ್ಯತೆ ಪಡೆದ ರೈಫಲ್ ಕ್ಲಬ್ಬಿನ ಸದಸ್ಯರು ಗುರಿಯ ಅಭ್ಯಾಸಕ್ಕೆ ಅಂತ ಕೇಳಿದರೆ ಲೈಸೆನ್ಸು ಕೊಡಬೇಕು ಅಂತ 13ನೆಯ ಕಲಮು ಹೇಳುತ್ತದೆ. ಆದರೆ ಯಾವುದಕ್ಕೆ? 2019ರ ತಿದ್ದುಪಡಿಯ ತನಕ ಪಾಯಿಂಟ್ 22 ರೈಫಲಿಗೆ, ಇಲ್ಲವೇ ಗಾಳಿ ರೈಫಲಿಗೆ ಮಾತ್ರ. ರಿವಾಲ್ವರಿನ ಹೆಸರೇ ಅಲ್ಲಿ ಇರಲಿಲ್ಲ.

ಹುಡುಗಿ ಹೊಡೆದು ಬಂದದ್ದಾದರೂ ಯಾವುದು? ರೈಫಲು! ಮೈಯೆಲ್ಲ ನೆಲಕ್ಕೆ ಆನಿಸಿ, ಎರಡು ಕೈಯಲ್ಲಿ ಹಿಡಿದು, ಭುಜಕ್ಕೆ ಒತ್ತಿ ಹೊಡೆಯುವ ಆಟ ಬೇರೆ. ನಿಂತು ಒಂಟಿ ಕೈ ಚಾಚುವ ಆಟ ಬೇರೆ. ರೊಟ್ಟಿ ಬಡಿಯುವುದರಲ್ಲಿ ಕೈ ಪಳಗಿದವಳಿಗೆ ಹೋಳಿಗೆ ಲಟ್ಟಣಿಗೆ ಕೊಟ್ಟು ನೋಡುವುದೇಕೆ? ಎನ್‌ಸಿಸಿಯಲ್ಲೇ ಗುರಿ ಹಿಡಿದು ಮೇಲೆ ಬಂದ ಅಂಜಲಿ ಭಾಗವತ್ 2000ದಲ್ಲಿ ಸಿಡ್ನಿಯಲ್ಲಿ 10 ಮೀಟರ್ ಗಾಳಿ ರೈಫಲಿನ ಫೈನಲಿಗೆ ಹೋದರು. ನಮ್ಮ ಚಿಕ್ಕಬಳ್ಳಾಪುರದಲ್ಲಿ ಹುಟ್ಟಿದ ಸುಮಾ ಶಿರೂರ್ 2004ರಲ್ಲಿ ಅಥೆನ್ಸಿನಲ್ಲಿ ಅದೇ ಸ್ಪರ್ಧೆಯ ಫೈನಲಿಗೆ ಹೋದರು. ಆ ಆಟದ ಗುರಿಯಲ್ಲಿ ಹತ್ತು ಅಂಕದ ಚುಕ್ಕಿ ಅರ್ಧ ಮಿಲಿಮೀಟರು, ಒಂದು ಗಸಗಸೆ ಕಾಳಿನಷ್ಟು.

ಆದ್ದರಿಂದ ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ. ಈಗ ರಿವಾಲ್ವರು ಬೇಡ. ಮೊದಲು ಗಾಳಿಯದು, ರೈಫಲಾಗಲಿ ಪಿಸ್ತೂಲಾಗಲಿ. ಪಾಯಿಂಟ್ 177ರ ಅಳತೆ ಮೀರದ, 20 ಜೂಲಿಗಿಂತ ಕಡಿಮೆ ಬಲದ ಗಾಳಿ ಆಯುಧಕ್ಕೆ ಲೈಸೆನ್ಸು ಬೇಡ, ಗುರುತಿನ ಚೀಟಿ ತೋರಿಸಿದರೆ ಆಯಿತು. ಅದನ್ನೂ ಇವತ್ತೇ ಕೊಳ್ಳಬೇಕಿಲ್ಲ. ಬೆಂಗಳೂರಿನ ರಾಜ್ಯ ರೈಫಲ್ ಸಂಘಕ್ಕೆ ಬರೆದು ನಮ್ಮ ಕಡೆಗೆ ಹತ್ತಿರವಾಗುವ ಕ್ಲಬ್ಬು ಯಾವುದು ಅಂತ ಕೇಳಿ, ರಜೆಯಲ್ಲಿ ಒಂದು ತಿಂಗಳು ಕ್ಲಬ್ಬಿನ ಆಯುಧದಲ್ಲೇ ಕಲಿಯಲಿ. ಪಾಯಿಂಟ್ 22 ಹಿಡಿಯುವ ಆಸೆಯಾದರೂ ಅಲ್ಲೇ, ಕಲಿಸುವವರ ಕಣ್ಣ ಮುಂದೆ ತೀರಲಿ. ಕ್ಲಬ್ಬಿಗೆ ಹೋಗುವ ದಿನ ಬೆಳಿಗ್ಗೆ ಚಹಾ ಬೇಡ, ಕೈ ನಡುಗುತ್ತದೆ. ಮೊಸರು ರೊಟ್ಟಿ ತಿಂದು ಹೋಗಲಿ, ಮಿರ್ಚಿ ಮಂಡಕ್ಕಿ ಬಂದ ಮೇಲೆ. ಬಂದ ಕೂಡಲೇ ಸಾಬೂನಿನಿಂದ ಕೈ ತೊಳೆಯದೆ ಏನೂ ಮುಟ್ಟಬಾರದು. ಗುಂಡಿನ ಸೀಸ ಕೈಗೆ ಹತ್ತಿರುತ್ತದೆ, ಅದು ಹೊಟ್ಟೆಗೆ ಹೋಗಬಾರದು. ಮನೆಯಲ್ಲಿ ಬಸುರಿಯರು, ಕೂಸುಗಳು ಇದ್ದರೆ ಆ ಬಟ್ಟೆಯನ್ನು ಬೇರೆಯಾಗಿ ಒಗೆಯಿರಿ.

ಇನ್ನು ಕಾವಲಿನ ಮಾತು. ಇದನ್ನು ಬರೆಯಲು ನನಗೇ ಮನಸ್ಸು ಭಾರ. ಸಿಂಧನೂರು, ಮಸ್ಕಿಯ ಒಕ್ಕಲು ಮನೆಗಳಲ್ಲಿ ಎಣ್ಣೆ ಡಬ್ಬಿಯನ್ನು, ಅದೇ ಬೆಳೆಗೆ ಹೊಡೆಯುವ ಔಷಧವನ್ನು, ಯಾಕೆ ಕೀಲಿ ಹಾಕಿ ಇಡುತ್ತೇವೆ ಅಂತ ನಿಮಗೆ ಬಿಡಿಸಿ ಹೇಳಬೇಕಿಲ್ಲ. ಕಾಲುವೆಗೆ ನೀರು ಬಾರದ ವರ್ಷ, ಸಾಲದವರು ಬಾಗಿಲಿಗೆ ಬಂದ ದಿನ, ಪರೀಕ್ಷೆಯ ಫಲಿತಾಂಶದ ರಾತ್ರಿ, ಕುಡಿದು ಬಂದ ಜಗಳದ ಹೊತ್ತು, ಇವೆಲ್ಲ ನಮ್ಮ ಮನೆಗಳಿಗೂ ಬರುತ್ತವೆ. ಆ ಒಂದು ಗಳಿಗೆ ದಾಟಿದರೆ ಮನುಷ್ಯ ಉಳಿಯುತ್ತಾನೆ. ಕೈಗೆ ಸಿಗುವಲ್ಲಿ ತುಂಬಿದ ರಿವಾಲ್ವರು ಇದ್ದರೆ ಆ ಗಳಿಗೆ ದಾಟುವುದು ಕಷ್ಟ. ಕಾವಲಿಗೆ ಅಂತ ತಂದದ್ದು ತುಂಬಿ, ಕೈಗೆ ಹತ್ತಿರ ಇರಬೇಕು. ಆಟಕ್ಕೆ ಅಂತ ತಂದದ್ದು ಖಾಲಿ ಮಾಡಿ ಕೀಲಿಯೊಳಗೆ, ತೋಟಾ ಬೇರೊಂದು ಕೀಲಿಯೊಳಗೆ ಇರಬೇಕು. ಒಂದೇ ರಿವಾಲ್ವರು ಎರಡೂ ಕೆಲಸ ಮಾಡುವುದು ಹೇಗೆ? ಯಜಮಾನರ ರೊಕ್ಕದ ಚಿಂತೆಗೆ ಬೇರೆ ಉಪಾಯ ಇದೆ. ಆದಷ್ಟನ್ನು ಹಗಲಲ್ಲೇ ಬ್ಯಾಂಕಿಗೆ ಕಟ್ಟಲಿ, ಕತ್ತಲಾದ ಮೇಲೆ ಒಬ್ಬರೇ ಬರುವುದು ಬಿಡಲಿ, ಹೊರಡುವಾಗ ಮನೆಗೆ ಫೋನು ಮಾಡಲಿ.

ಮಸ್ಕಿಯ ಸೋದರಿ, ಮಗಳು ಬಲಗೈಯವಳೋ ಎಡಗೈಯವಳೋ ನೀವು ಬರೆದಿಲ್ಲ. ಹಿಡಿ ಎರಡಕ್ಕೂ ಬೇರೆ ಬೇರೆ ಬರುತ್ತದೆ. ಎರಡೂ ಕಣ್ಣು ತೆರೆದು, ಚಾಚಿದ ಹೆಬ್ಬೆರಳನ್ನು ದೂರದ ಕಂಬಕ್ಕೆ ಹೊಂದಿಸಿ, ಆಮೇಲೆ ಒಂದೊಂದೇ ಕಣ್ಣು ಮುಚ್ಚಿ ನೋಡಲು ಹೇಳಿ. ಯಾವ ಕಣ್ಣು ತೆರೆದಿದ್ದಾಗ ಬೆರಳು ಕಂಬದಿಂದ ಸರಿಯುವುದಿಲ್ಲವೋ ಅದು ಅವಳ ಗುರಿಯ ಕಣ್ಣು. ಕೈ ಬಲದ್ದು, ಕಣ್ಣು ಎಡದ್ದು ಆಗಿದ್ದರೆ ಕಲಿಸುವವರಿಗೆ ಮೊದಲ ದಿನವೇ ತಿಳಿಸಿ. ನನಗೂ ಒಂದು ಕಾಗದ ಹಾಕಿ.