ಇಲಿ ಬಂಡೆ ಎತ್ತಿದರೆ ಕಾಲು ಮುರಿಯುವುದಿಲ್ಲವೇ?

ಮಕ್ಕಳೇ, ನಿಮ್ಮ ಚೀಲದಲ್ಲಿ ಪಠ್ಯಪುಸ್ತಕಗಳ ನಡುವೆ ಒಂದು ಕಾಮಿಕ್ಸ್ ಪುಸ್ತಕ ಅಡಗಿ ಕುಳಿತಿದೆಯೇ? ಹೆದರಬೇಡಿ, ನಾನು ಕಸಿದುಕೊಳ್ಳುವುದಿಲ್ಲ. ಒಮ್ಮೆ ಹಾಗೆ ಕಸಿದುಕೊಂಡು ತಪ್ಪು ಮಾಡಿದ್ದೇನೆ. ಆ ತಪ್ಪಿನಿಂದಲೇ ಈ ಲೇಖನವನ್ನು ಶುರು ಮಾಡುತ್ತೇನೆ.

ಆಗ ನಾನು ಶಿಕ್ಷಕನಾಗಿ ಸೇರಿದ ಹೊಸತು. ಏಳನೆಯ ತರಗತಿಗೆ ವಿಜ್ಞಾನ ಪಾಠ ಮಾಡುತ್ತಿದ್ದೆ. ಕೊನೆಯ ಸಾಲಿನಲ್ಲಿ ಒಬ್ಬ ಹುಡುಗ ತಲೆ ಎತ್ತದೆ ಓದುತ್ತಿದ್ದ. ‘ಆಹಾ, ಎಷ್ಟು ಶ್ರದ್ಧೆ!’ ಎಂದುಕೊಂಡು ಹತ್ತಿರ ಹೋದರೆ, ವಿಜ್ಞಾನ ಪುಸ್ತಕದೊಳಗೆ ಬಾಲಮಂಗಳ! ನನಗೆ ಸಿಟ್ಟು ಬಂತು. ಪುಸ್ತಕ ಕಿತ್ತುಕೊಂಡೆ. “ಸಾರ್, ಅದರಲ್ಲಿ ಒಂದು ಕೇಳ್ಬೇಕಿತ್ತು” ಎಂದ. “ಮೊದಲು ಪಾಠ ಕೇಳು” ಎಂದು ಗದರಿಸಿ, ಪುಸ್ತಕವನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದೆ.

ಕೆಲವು ವಾರಗಳ ನಂತರ ಅವನ ಮನೆಯವರು ಕೆಲಸ ಹುಡುಕಿಕೊಂಡು ಗುಳೆ ಹೋದರು. ಹುಡುಗನೂ ಹೋದ, ಮತ್ತೆ ನಮ್ಮ ಶಾಲೆಗೆ ಬರಲಿಲ್ಲ. ವರ್ಷದ ಕೊನೆಗೆ ಬೀರು ಶುಚಿ ಮಾಡುವಾಗ ಆ ಪುಸ್ತಕ ಕೈಗೆ ಸಿಕ್ಕಿತು. ಬಾಲಮಂಗಳದ ಇಲಿವೀರ ಡಿಂಗ ದೊಡ್ಡ ಬಂಡೆಯೊಂದನ್ನು ಎತ್ತಿ ಹಿಡಿದ ಚಿತ್ರ. ಅದರ ಪಕ್ಕದಲ್ಲಿ ಪೆನ್ಸಿಲಿನಲ್ಲಿ ಹೀಗೆ ಬರೆದಿತ್ತು: “ಇಲಿ ಬಂಡೆ ಎತ್ತಿದ್ರೆ ಅದರ ಕಾಲು ಮುರಿಯೋದಿಲ್ವಾ?”

ನಾನು ಎಂ.ಎಸ್ಸಿ.ಯಲ್ಲಿ ಭೌತಶಾಸ್ತ್ರ ಓದಿದವನು. ಆ ದಿನ ತರಗತಿಯಲ್ಲಿ ಎದ್ದ ಅತಿ ಒಳ್ಳೆಯ ಪ್ರಶ್ನೆಯನ್ನು ನಾನೇ ಬೀಗ ಹಾಕಿ ಇಟ್ಟಿದ್ದೆ.

ಅಂದಿನಿಂದ ನನ್ನ ಅಭಿಪ್ರಾಯ ಬದಲಾಯಿತು. ಕಾಮಿಕ್ಸ್ ಓದುವುದು ಕಾಲಹರಣವಲ್ಲ. ಪ್ರಶ್ನೆ ಕೇಳುತ್ತಾ ಓದಿದರೆ ಅದು ವಿಜ್ಞಾನದ ಪಾಠವೇ ಆಗುತ್ತದೆ. ಕಥೆಯಲ್ಲಿ ತಪ್ಪಿದ್ದರೂ ಸರಿ, ಆ ತಪ್ಪನ್ನು ಹಿಡಿಯುವುದೂ ಒಂದು ಪಾಠವೇ.

ನಿಜ ಹೇಳಬೇಕೆಂದರೆ, ನಾನೂ ಕದ್ದು ಓದಿದವನೇ. ಚಿಕ್ಕವನಿದ್ದಾಗ ಚಿಕ್ಕಪ್ಪನ ಟ್ರಂಕಿನಲ್ಲಿ ಹಳೆಯ ಇಂದ್ರಜಾಲ ಕಾಮಿಕ್ಸ್‌ಗಳ ಕಟ್ಟು ಇತ್ತು. 1964ರಲ್ಲಿ ಶುರುವಾಗಿ 1990ರಲ್ಲಿ ನಿಂತುಹೋದ ಮಾಲಿಕೆ ಅದು. ಅದರ ನಾಯಕ ಫ್ಯಾಂಟಮ್. ಅಮೆರಿಕದ ಲೀ ಫಾಕ್ 1936ರಲ್ಲಿ ಸೃಷ್ಟಿಸಿದ ಪಾತ್ರ. ಮುಖಕ್ಕೆ ಮುಖವಾಡ, ಬೆರಳಿಗೆ ತಲೆಬುರುಡೆಯ ಉಂಗುರ, ಜೊತೆಗೆ ಒಂದು ಕುದುರೆ, ಒಂದು ತೋಳ. ಅವನು ನಾನೂರು ವರ್ಷಗಳಿಂದ ಬದುಕಿದ್ದಾನೆ, ಅವನಿಗೆ ಸಾವೇ ಇಲ್ಲ ಎಂದು ಕಾಡಿನ ಜನ ನಂಬಿರುತ್ತಾರೆ. ಆದರೆ ಓದುಗರಾದ ನಮಗೆ ಗುಟ್ಟು ಗೊತ್ತು. ತಂದೆ ಸತ್ತಾಗ ಮಗ ಅದೇ ಉಡುಪು, ಅದೇ ಮುಖವಾಡ ತೊಡುತ್ತಾನೆ. ಈಗಿನವನು 21ನೆಯ ಫ್ಯಾಂಟಮ್!

ಫ್ಯಾಂಟಮ್ ನನಗೆ ಇಷ್ಟವಾಗಲು ಇದೇ ಕಾರಣ. ಅವನಿಗೆ ಮಂತ್ರವಿಲ್ಲ, ಹಾರಲು ಬರುವುದಿಲ್ಲ. ದೂರದಿಂದ ಪವಾಡದಂತೆ ಕಾಣುವುದಕ್ಕೆ ಹತ್ತಿರ ಹೋಗಿ ನೋಡಿದರೆ ಸರಳ ಕಾರಣವಿದೆ. ನಮ್ಮ ಊರುಗಳಲ್ಲಿ ಯಾರಾದರೂ ಪವಾಡ ತೋರಿಸಿದಾಗ ನಾವೂ ಹಾಗೆಯೇ ಕಾರಣ ಹುಡುಕಬೇಕಲ್ಲವೇ? ಆದರೆ ಈಗ ಓದಿದಾಗ ಒಂದು ಕೊರತೆಯೂ ಕಾಣುತ್ತದೆ. ಆಫ್ರಿಕದ ಕಾಡಿನ ಜನರನ್ನು ಕಾಪಾಡಲು ಹೊರಗಿನಿಂದ ಬಂದ ಬಿಳಿಯನೇ ಏಕೆ ಬೇಕು? ಅವರಲ್ಲಿ ಧೈರ್ಯವಂತರು, ಬುದ್ಧಿವಂತರು ಇರಲಿಲ್ಲವೇ? ಬಾಲ್ಯದಲ್ಲಿ ನನಗೆ ಈ ಪ್ರಶ್ನೆ ಹೊಳೆದಿರಲಿಲ್ಲ. ನಿಮಗೆ ಹೊಳೆಯಲಿ.

ನಮ್ಮವರೇ ಆದ ಇನ್ನೊಬ್ಬರನ್ನು ಇಲ್ಲಿ ನೆನೆಯಬೇಕು. ಅವರು ಅನಂತ ಪೈ. 1929ರಲ್ಲಿ ನಮ್ಮ ಕಾರ್ಕಳದಲ್ಲಿ ಹುಟ್ಟಿದವರು. ಮುಂಬಯಿಯಲ್ಲಿ ಓದಿದ್ದು ರಾಸಾಯನಿಕ ತಂತ್ರಜ್ಞಾನ, ಆದರೆ ಮನಸ್ಸು ಹರಿದದ್ದು ಮಕ್ಕಳ ಪುಸ್ತಕಗಳ ಕಡೆಗೆ. ಅಮರ ಚಿತ್ರ ಕಥೆಯನ್ನು ಬೆಳೆಸಿದವರು ಅವರೇ, 1980ರಲ್ಲಿ ಟಿಂಕಲ್ ಪತ್ರಿಕೆ ಶುರು ಮಾಡಿದವರೂ ಅವರೇ. ಜಗದೀಶಚಂದ್ರ ಬೋಸರ ಜೀವನ ಅಮರ ಚಿತ್ರ ಕಥೆಯಲ್ಲಿ ಚಿತ್ರಗಳಾಗಿ ಬಂದಿದೆ. ಟಿಂಕಲ್‌ನಲ್ಲಿ ಅನು ಮಾಮ ಮಕ್ಕಳಿಗೆ ವಿಜ್ಞಾನ ತಿಳಿಸುವ ಚಿತ್ರಕಥೆಗಳೂ ಬಂದವು. ಕಾಮಿಕ್ಸ್‌ಗೂ ವಿಜ್ಞಾನಕ್ಕೂ ದೂರ ಎನ್ನುವವರು ಇದನ್ನು ನೆನಪಿಡಬೇಕು.

ಈಗ ಆ ಹುಡುಗನ ಪ್ರಶ್ನೆಗೆ ಬರೋಣ. ಎಂಟು ಖಾಲಿ ಬೆಂಕಿಪೊಟ್ಟಣ ತೆಗೆದುಕೊಳ್ಳಿ. ಒಂದು ಪೊಟ್ಟಣವನ್ನು ಮೇಜಿನ ಮೇಲಿಡಿ. ಉಳಿದವುಗಳ ಜೊತೆ ಸೇರಿಸಿ ಅದರ ಉದ್ದ, ಅಗಲ, ಎತ್ತರ ಮೂರನ್ನೂ ಎರಡು ಪಟ್ಟು ಮಾಡಿ. ಒಟ್ಟು ಎಷ್ಟು ಪೊಟ್ಟಣ ಬೇಕಾದವು? ಎಂಟು. ಅಂದರೆ ತೂಕ ಎಂಟು ಪಟ್ಟಾಯಿತು. ಆದರೆ ಮೇಜಿಗೆ ತಾಗಿರುವ ಪೊಟ್ಟಣಗಳು ನಾಲ್ಕೇ. ಎಂಟರ ಭಾರವನ್ನು ನಾಲ್ಕು ಹೊರಬೇಕು!

ಪ್ರಾಣಿಗಳ ದೇಹಕ್ಕೂ ಇದೇ ಲೆಕ್ಕ. ಇಲಿಯೊಂದನ್ನು ಅದೇ ಆಕಾರದಲ್ಲಿ ಹತ್ತು ಪಟ್ಟು ದೊಡ್ಡದು ಮಾಡಿದರೆ ಅದರ ತೂಕ ಸಾವಿರ ಪಟ್ಟಾಗುತ್ತದೆ. ಭಾರ ಹೊರುವ ಮೂಳೆಯನ್ನು ಅಡ್ಡ ಕತ್ತರಿಸಿದರೆ ಕಾಣುವ ಮುಖದ ವಿಸ್ತೀರ್ಣ ಮಾತ್ರ ನೂರು ಪಟ್ಟು. ಹಾಗಾಗಿ ಮೂಳೆಯ ಪ್ರತಿ ಭಾಗದ ಮೇಲೂ ಹತ್ತು ಪಟ್ಟು ಹೊರೆ. ಆನೆಯ ಕಾಲು ಕಂಬದ ಹಾಗೆ, ಇಲಿಯ ಕಾಲು ಕಡ್ಡಿಯ ಹಾಗೆ ಇರುವುದೇಕೆ ಎಂದು ಈಗ ತಿಳಿಯಿತೇ? ಇಟಲಿಯ ಗೆಲಿಲಿಯೋ 1638ರಲ್ಲಿ ಪ್ರಕಟವಾದ ತನ್ನ ಪುಸ್ತಕದಲ್ಲಿ ಈ ವಿಷಯವನ್ನು ಮೂಳೆಯ ಚಿತ್ರ ಬರೆದು ವಿವರಿಸಿದ್ದಾನೆ.

ಹಾಗಾದರೆ ಡಿಂಗನ ಗತಿ? “ಅವನಿಗೆ ವಿಶೇಷ ಶಕ್ತಿ ಇದೆಯಲ್ಲ ಸಾರ್” ಎನ್ನುತ್ತೀರಿ. ಇರಲಿ. ಸ್ನಾಯುಗಳಿಗೆ ಶಕ್ತಿ ಇದ್ದರೆ ಸಾಲದು, ಮೂಳೆ ಮುರಿಯದೆ ನಿಲ್ಲಬೇಕು. ಅದೂ ನಿಂತಿತು ಎನ್ನಿ, ಕಾಲ ಕೆಳಗಿನ ಮಣ್ಣು? ಇಡೀ ಬಂಡೆಯ ಭಾರ ಎರಡು ಪುಟ್ಟ ಪಾದಗಳ ಮೇಲೆ ಬಿದ್ದರೆ ಡಿಂಗ ಮೊಳೆಯಂತೆ ನೆಲದೊಳಗೆ ಇಳಿದುಬಿಡುತ್ತಾನೆ! ಆ ಹುಡುಗನಿಗೆ ನಾನು ಕೊಡಬೇಕಿದ್ದ ಉತ್ತರ ಇದು.

ಇನ್ನು ನನಗೆ ಎಲ್ಲಕ್ಕಿಂತ ಇಷ್ಟವಾದ ಕಾಮಿಕ್ಸ್ ಯಾವುದು ಎಂದು ಕೇಳಿದರೆ, ಟಿನ್‌ಟಿನ್ ಚಂದ್ರಯಾನದ ಎರಡು ಪುಸ್ತಕಗಳು ಎನ್ನುತ್ತೇನೆ. ಎಂ.ಎಸ್ಸಿ. ಓದುವಾಗ ಹಳೆಯ ಪುಸ್ತಕದ ಅಂಗಡಿಯಲ್ಲಿ ಕೊಂಡದ್ದು. ಆಗ ನನ್ನ ಇಂಗ್ಲಿಷ್ ಅಷ್ಟಕ್ಕಷ್ಟೇ. ಮಾತು ಅರ್ಥವಾಗದ ಕಡೆ ಚಿತ್ರಗಳೇ ಕೈಹಿಡಿದು ನಡೆಸಿದವು. ಬೆಲ್ಜಿಯಂ ದೇಶದ ಚಿತ್ರಕಾರ ಎರ್ಜೆ 1929ರಲ್ಲಿ ಸೃಷ್ಟಿಸಿದ ಯುವ ವರದಿಗಾರ ಟಿನ್‌ಟಿನ್. ಚಂದ್ರನಿಗೆ ಹೋಗುವ ಅವನ ಕಥೆ 1953 ಮತ್ತು 1954ರಲ್ಲಿ ಪುಸ್ತಕಗಳಾಗಿ ಬಂತು. ಮನುಷ್ಯ ನಿಜವಾಗಿ ಚಂದ್ರನ ಮೇಲೆ ಕಾಲಿಟ್ಟದ್ದು 1969ರ ಜುಲೈನಲ್ಲಿ. ಮೊದಲ ಕೃತಕ ಉಪಗ್ರಹ ಹಾರಿದ್ದೇ 1957ರಲ್ಲಿ!

ಎರ್ಜೆ ಚಿತ್ರ ಬರೆಯುವ ಮೊದಲು ಚೆನ್ನಾಗಿ ಓದಿಕೊಂಡಿದ್ದ. ಅವನ ರಾಕೆಟ್ಟಿನ ಎಂಜಿನ್ ಓಡುತ್ತಿರುವಾಗ ಒಳಗಿರುವವರು ಮನೆಯಲ್ಲಿ ಇದ್ದಂತೆ ನೆಲದ ಮೇಲೆ ನಡೆದಾಡುತ್ತಾರೆ. ಎಂಜಿನ್ ನಿಂತೊಡನೆ ಎಲ್ಲರೂ ಗಾಳಿಯಲ್ಲಿ ತೇಲುತ್ತಾರೆ, ಲೋಟದಲ್ಲಿದ್ದ ಪಾನೀಯ ಉಂಡೆಯಾಗಿ ತೇಲುತ್ತದೆ. ಇದು ಸರಿಯೇ? ಸರಿ. ಬಸ್ಸು ಸರ್ರನೆ ಹೊರಟಾಗ ಸೀಟು ನಿಮ್ಮ ಬೆನ್ನನ್ನು ಒತ್ತುತ್ತದಲ್ಲ, ಹಾಗೆಯೇ ವೇಗ ಹೆಚ್ಚಿಸಿಕೊಳ್ಳುತ್ತಿರುವ ರಾಕೆಟ್ಟಿನ ನೆಲ ಯಾತ್ರಿಗಳ ಪಾದವನ್ನು ಒತ್ತುತ್ತದೆ. ಎಂಜಿನ್ ನಿಂತರೆ ಒತ್ತುವುದೂ ನಿಂತಿತು.

ಕಥೆಯಲ್ಲಿ ಇನ್ನೊಂದು ಸಂಕಟ ಬರುತ್ತದೆ. ಆಮ್ಲಜನಕ ತುಂಬಿಸಿದ್ದು ನಾಲ್ಕು ಜನರಿಗೆ. ಆದರೆ ರಾಕೆಟ್ಟಿನೊಳಗೆ ಮತ್ತೆ ಮೂವರು ಇದ್ದುದು ಆಮೇಲೆ ತಿಳಿಯುತ್ತದೆ. ನೀವೇ ಲೆಕ್ಕ ಹಾಕಿ: ನಾಲ್ಕು ಜನರಿಗೆ 14 ದಿನ ಸಾಕಾಗುವ ಗಾಳಿ ಏಳು ಜನರಿಗೆ ಎಷ್ಟು ದಿನ? ಎಂಟೇ ದಿನ. ಲೆಕ್ಕದ ಪುಸ್ತಕದಲ್ಲಿ ಇದು ಬರೀ ಭಾಗಾಕಾರ. ಕಥೆಯಲ್ಲಿ ಪ್ರಾಣದ ಪ್ರಶ್ನೆ.

ಎರ್ಜೆ ತಪ್ಪನ್ನೂ ಮಾಡಿದ್ದಾನೆ. ಕ್ಯಾಪ್ಟನ್ ಹ್ಯಾಡಾಕ್ ರಾಕೆಟ್ಟಿನಿಂದ ಹೊರಗೆ ಹೋಗಿ ಅಡೋನಿಸ್ ಎಂಬ ಕ್ಷುದ್ರಗ್ರಹದ ಸುತ್ತ ಉಪಗ್ರಹದಂತೆ ಸುತ್ತತೊಡಗುತ್ತಾನೆ. ಅಡೋನಿಸ್ ನಿಜವಾಗಿಯೂ ಇದೆ, 1936ರಲ್ಲಿ ಕಂಡುಹಿಡಿದವರೂ ಬೆಲ್ಜಿಯಂನವರೇ. ಆದರೆ ಅದರ ಅಡ್ಡಳತೆ ಒಂದು ಕಿಲೋಮೀಟರಿನ ಆಸುಪಾಸು. ಅಷ್ಟು ಚಿಕ್ಕ ಕಲ್ಲಿನ ಗುರುತ್ವ ಎಷ್ಟು ಕಡಿಮೆ ಎಂದರೆ, ಅದರ ಮೇಲೆ ನಿಂತು ನೀವು ಜೋರಾಗಿ ನೆಗೆದರೆ ಮತ್ತೆ ಕೆಳಗೆ ಬೀಳುವುದಿಲ್ಲ! ರಾಕೆಟ್ಟಿನ ವೇಗದಲ್ಲಿ ಸಾಗುವ ಹ್ಯಾಡಾಕ್‌ನನ್ನು ಅದು ಹಿಡಿದಿಡಲಾರದು. ಹಾಗೆಯೇ ಎರ್ಜೆ ಚಂದ್ರನ ಬೆಟ್ಟಗಳನ್ನು ಚೂಪುಚೂಪಾಗಿ ಬರೆದ. ಅಪೋಲೋ ಯಾತ್ರಿಗಳು ಕಂಡದ್ದು ನುಣುಪಾದ, ದುಂಡನೆಯ ಗುಡ್ಡಗಳು.

ಒಂದು ಚಿತ್ರವಂತೂ ನನಗೆ ಬಹಳ ಪ್ರಿಯ. ಟಿನ್‌ಟಿನ್‌ಗೆ ಚಂದ್ರನ ಗುಹೆಯಲ್ಲಿ ಮಂಜುಗಡ್ಡೆ ಸಿಗುತ್ತದೆ. ಚಂದ್ರ ಒಣಗಿದ ಲೋಕ ಎಂದು ವಿಜ್ಞಾನಿಗಳು ಬಹುಕಾಲ ಭಾವಿಸಿದ್ದರು. 2008ರಲ್ಲಿ ಹಾರಿದ ನಮ್ಮ ಚಂದ್ರಯಾನ-1ರಲ್ಲಿದ್ದ ಉಪಕರಣ ಅಲ್ಲಿ ನೀರಿನ ಅಂಶದ ಕುರುಹು ಪತ್ತೆ ಮಾಡಿತು. 2009ರಲ್ಲಿ ಈ ಸುದ್ದಿ ಪ್ರಕಟವಾದ ದಿನ ನಾನು ಆ ಹಳೆಯ ಪುಸ್ತಕ ತೆಗೆದು ಆ ಪುಟವನ್ನು ಮತ್ತೆ ನೋಡಿದೆ. ಎರ್ಜೆ ಭವಿಷ್ಯ ಹೇಳಿದ ಎನ್ನಬೇಡಿ. ಅವನು ಮಾಡಿದ್ದು ಊಹೆ. ಊಹೆಗೂ ಸಾಕ್ಷ್ಯಕ್ಕೂ ನಡುವೆ ಐವತ್ತು ವರ್ಷಗಳ ದುಡಿಮೆ ಇದೆ.

ಈ ಪುಸ್ತಕವನ್ನು ಒಂದು ಶಾಲೆಯಲ್ಲಿ ತೋರಿಸಿದಾಗ ಆರನೆಯ ತರಗತಿಯ ಹುಡುಗಿಯೊಬ್ಬಳು, “ರಾಕೆಟ್‌ನಲ್ಲಿ ಒಬ್ಬಳೂ ಹೆಂಗಸಿಲ್ಲವಲ್ಲ ಸಾರ್?” ಎಂದಳು. ನಿಜ, ಏಳು ಜನರೂ ಗಂಡಸರೇ. ಪುಸ್ತಕ ಬಂದ ಒಂಬತ್ತು ವರ್ಷಕ್ಕೆ, 1963ರಲ್ಲಿ, ರಷ್ಯಾದ ವಲೆಂಟೀನಾ ತೆರೆಷ್ಕೋವಾ ಅಂತರಿಕ್ಷಕ್ಕೆ ಹೋಗಿ ಬಂದರು. ಇಂದಿನ ಕಾಮಿಕ್ಸ್‌ಗಳು ಈ ವಿಷಯದಲ್ಲಿ ಮುಂದೆ ಬಂದಿವೆ. 2015ರಲ್ಲಿ ಟಿಂಕಲ್‌ನಲ್ಲಿ ವಿಂಗ್‌ಸ್ಟಾರ್ ಬಂದಳು. ಮಿಜೋರಾಂನ ಹದಿಮೂರು ವರ್ಷದ ಹುಡುಗಿ. ಅವಳ ಬಲ ಮಂತ್ರದ್ದಲ್ಲ, ತಂದೆ ತಯಾರಿಸಿದ ಯಂತ್ರಗಳದ್ದು. ನನಗೆ ಅವಳು ಮೆಚ್ಚುಗೆ. ಆದರೂ ಕೇಳುತ್ತೇನೆ: ಅಷ್ಟು ದೂರ ಹಾರಲು ಇಂಧನ ಎಲ್ಲಿಟ್ಟಿದ್ದಾಳೆ?

ಕಾಮಿಕ್ಸ್ ಬೇಡ ಎನ್ನುವ ಹಿರಿಯರ ಮಾತಿನಲ್ಲೂ ಸತ್ಯವಿದೆ. ಕೆಲವು ಪುಸ್ತಕಗಳಲ್ಲಿ ಹೊಡೆದಾಟ ಬಿಟ್ಟರೆ ಬೇರೇನೂ ಇಲ್ಲ. ಓದಿದ್ದನ್ನೆಲ್ಲ ನಂಬಿದರೆ ಅಪಾಯವೂ ಉಂಟು. ನಾನೇ ಒಮ್ಮೆ ಕೊರಳಿಗೆ ಟವೆಲ್ ಕಟ್ಟಿಕೊಂಡು ಹುಲ್ಲಿನ ಬಣವೆಯಿಂದ ಹಾರಿ ಕಾಲು ಉಳುಕಿಸಿಕೊಂಡಿದ್ದೆ. ಟವೆಲ್ ಹಾರಿಸಲಿಲ್ಲ, ಗುರುತ್ವ ಬಿಡಲಿಲ್ಲ! ಆದರೆ ಪುಸ್ತಕ ಕಿತ್ತುಕೊಂಡರೆ ನಂಬಿಕೆ ಹೋಗುವುದಿಲ್ಲ, ಪ್ರಶ್ನೆ ಹೋಗುತ್ತದೆ. ಆದ್ದರಿಂದ ಪ್ರತಿ ತರಗತಿಯ ಓದುವ ಮೂಲೆಯಲ್ಲಿ ನಾಲ್ಕು ಕಾಮಿಕ್ಸ್ ಇರಲಿ, ಪಕ್ಕದಲ್ಲಿ ಒಂದು ನೋಟ್‌ಪುಸ್ತಕವೂ ಇರಲಿ ಎಂದು ನಿಮ್ಮ ಶಿಕ್ಷಕರನ್ನು ಕೇಳಿಕೊಳ್ಳುತ್ತೇನೆ.

ಆ ನೋಟ್‌ಪುಸ್ತಕದಲ್ಲಿ ನೀವು ಮೂರು ವಿಷಯ ಬರೆಯಿರಿ. ಈ ಚಿತ್ರದಲ್ಲಿ ನಡೆದದ್ದು ನಿಜವಾಗಿ ನಡೆಯಬಹುದೇ? ನಡೆಯದಿದ್ದರೆ ಏಕೆ? ನಾನೇ ಬರೆದಿದ್ದರೆ ಹೇಗೆ ಬರೆಯುತ್ತಿದ್ದೆ? ಮೂರನೆಯದಕ್ಕೆ ಉತ್ತರವಾಗಿ ನಾಲ್ಕು ಚೌಕಗಳ ಒಂದು ಚಿತ್ರಕಥೆ ಬಿಡಿಸಿ.

ಆ ಬಾಲಮಂಗಳ ಇಂದಿಗೂ ನನ್ನ ಬಳಿ ಇದೆ. ಶಾಲೆಯಿಂದ ಶಾಲೆಗೆ ಹೋಗುವಾಗ ಪ್ರಯೋಗದ ಸಾಮಾನುಗಳ ಜೊತೆ ಅದನ್ನೂ ಒಯ್ಯುತ್ತೇನೆ. ಪೆನ್ಸಿಲಿನ ಅಕ್ಷರ ಮಾಸುತ್ತಾ ಬಂದಿದೆ. ಆ ಹುಡುಗ ಈಗ ದೊಡ್ಡವನಾಗಿರಬೇಕು, ಅವನ ಮಕ್ಕಳು ನಿಮ್ಮ ಪಕ್ಕದಲ್ಲೇ ಕುಳಿತಿರಲೂಬಹುದು. ಉತ್ತರ ಕೊಡಲು ನಾನು ತಡಮಾಡಿದೆ. ನೀವು ಕೇಳಲು ತಡಮಾಡಬೇಡಿ.